ಗಾಢ ಬಣ್ಣದ ಕಾರಿಗೆ ಮನೆಯಲ್ಲೇ ಸೀಲಂಟ್ ಮತ್ತು ವ್ಯಾಕ್ಸ್: ಯಾವುದು ಮೊದಲು, ಯಾವುದು ಸಾಕು?

ಪ್ರಶ್ನೆ: ಕಡುನೀಲಿ

ನನ್ನ ಕಾರಿನ ಬಣ್ಣ ಹೆಚ್ಚುಕಡಿಮೆ ಕಪ್ಪೇ ಅನ್ನಿಸುವಷ್ಟು ಕಡುನೀಲಿ. ಕೊಂಡು ಮೂರು ವರ್ಷ ದಾಟಿದೆ. ನೆರಳಿನಲ್ಲಿ ನಿಂತಿರುವಾಗ ಹೊಸತರಂತೆಯೇ ಕಾಣುತ್ತದೆಯಾದರೂ, ಬಿಸಿಲು ನೇರವಾಗಿ ಬಿದ್ದ ಕೂಡಲೇ ಬಾನೆಟ್ಟಿನ ಮೇಲೆ ಸೂರ್ಯನ ಪ್ರತಿಬಿಂಬದ ಸುತ್ತ ಜೇಡರ ಬಲೆಯಂತೆ ಸಣ್ಣ ಸಣ್ಣ ಗೀರುಗಳು ಎದ್ದು ಕಾಣುತ್ತವೆ. ಇದಲ್ಲದೆ, ಚೆನ್ನಾಗಿ ತೊಳೆದು ಒರೆಸಿದ ಮೇಲೂ ಕೈಯಾಡಿಸಿದರೆ ಅಲ್ಲಲ್ಲಿ ತರಿತರಿಯಾಗಿರುತ್ತದೆ. ಬಾಗಿಲುಗಳ ಕೆಳಭಾಗದಲ್ಲಿ ಮತ್ತು ಹಿಂದಿನ ಚಕ್ರಗಳ ಆಸುಪಾಸಿನಲ್ಲಿ ಇದು ಹೆಚ್ಚು.

ನನ್ನ ಬಳಿ ಒಂದು ಬಾಟಲಿ ಸಿಂಥೆಟಿಕ್ ಸೀಲಂಟ್ ಹಾಗೂ ಒಂದು ಡಬ್ಬಿ ಕಾರ್ನೌಬಾ ಪೇಸ್ಟ್ ವ್ಯಾಕ್ಸ್ ಇವೆ. ಎರಡರ ಲೇಬಲ್ ಓದಿದರೂ ಬಣ್ಣಕ್ಕೆ ರಕ್ಷಣೆ ಎಂಬುದರ ಹೊರತಾಗಿ ಹೆಚ್ಚೇನೂ ತಿಳಿಯುವುದಿಲ್ಲ. ಎರಡನ್ನೂ ಹಚ್ಚಬಹುದೇ, ಹಚ್ಚುವುದಾದರೆ ಯಾವುದು ಮೊದಲು? ಅದಕ್ಕೂ ಮುಂಚೆ ಈ ತರಿಯನ್ನು ಹೇಗೆ ತೆಗೆಯಬೇಕು? ವ್ಯಾಕ್ಸ್ ಹಚ್ಚಿದರೆ ಗೀರುಗಳು ಹೋಗುತ್ತವೆಯೇ? ಪಾತ್ರೆ ತೊಳೆಯುವ ಲಿಕ್ವಿಡ್‌ನಿಂದ ಕಾರು ತೊಳೆಯಬಾರದು ಎಂದು ಕೆಲವರೂ, ವ್ಯಾಕ್ಸ್‌ಗೆ ಮೊದಲು ಅದರಿಂದಲೇ ತೊಳೆಯಬೇಕು ಎಂದು ಇನ್ನು ಕೆಲವರೂ ಹೇಳುತ್ತಾರೆ. ಪಾಲಿಶಿಂಗ್ ಯಂತ್ರ ನನ್ನಲ್ಲಿಲ್ಲ, ಎಲ್ಲವೂ ಕೈಯಲ್ಲೇ ಆಗಬೇಕು. ಇನ್ನೊಂದು ವಿಷಯ: ಹಿಂದಿನ ಬಂಪರ್‌ಗೆ ಕಳೆದ ವಾರವಷ್ಟೇ ಮರುಬಣ್ಣ ಮಾಡಿಸಿದ್ದೇನೆ.

ಉತ್ತರ: ಎರಡು ಬಕೆಟ್

ಸೀಲಂಟ್, ವ್ಯಾಕ್ಸ್ ಎರಡೂ ಕಪಾಟಿನಲ್ಲೇ ಇರಲಿ, ಮೊದಲು ತೊಳೆಯುವ ವಿಚಾರ ಮುಗಿಸೋಣ. ನೀವು ಹೇಳುತ್ತಿರುವ ಗೀರುಗಳಲ್ಲಿ ಬಹುಪಾಲು ರಸ್ತೆಯಲ್ಲಿ ಆದವಲ್ಲ, ತೊಳೆಯುವಾಗ ಮತ್ತು ಒರೆಸುವಾಗ ಆದವು. ಈಗಿನ ಕಾರುಗಳಲ್ಲಿ ಬಣ್ಣದ ಮೇಲೊಂದು ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್ ಇರುತ್ತದೆ. ಪ್ರೈಮರ್, ಬಣ್ಣ ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪವಿರುವಲ್ಲಿ ಈ ಮೇಲ್ಪದರದ ಪಾಲು ಸುಮಾರು 35ರಿಂದ 50 ಮೈಕ್ರಾನ್ ಮಾತ್ರ. ಧೂಳಿನ ಕಣವೊಂದನ್ನು ಬಟ್ಟೆಯ ಅಡಿಯಲ್ಲಿ ಸಿಕ್ಕಿಸಿಕೊಂಡು ಉಜ್ಜಿದಾಗ ಈ ಪದರದ ಮೇಲೆ ಗೆರೆ ಬೀಳುತ್ತದೆ. ಅಂದಹಾಗೆ, ಆ ಗೆರೆಗಳು ನಿಜಕ್ಕೂ ಸುತ್ತುಸುತ್ತಾಗಿ ಬಿದ್ದವಲ್ಲ. ಅವು ಎಲ್ಲ ದಿಕ್ಕಿಗೂ ಹರಡಿರುತ್ತವೆ, ಅವುಗಳಲ್ಲಿ ಬೆಳಕಿಗೆ ಅಡ್ಡವಾಗಿ ನಿಂತವು ಮಾತ್ರ ಮಿನುಗುವುದರಿಂದ ಬಲೆಯ ಆಕಾರ ಕಾಣುತ್ತದೆ. ಬಿಳಿ ಕಾರಿನಲ್ಲೂ ಇಷ್ಟೇ ಗೀರುಗಳಿರಬಹುದು, ಆದರೆ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ಆದ್ದರಿಂದ ಕೈ ಮುಟ್ಟಿಸುವ ಮೊದಲೇ ಎಷ್ಟು ಕೊಳೆಯನ್ನು ನೀರಿನಲ್ಲೇ ಇಳಿಸಬಹುದೋ ಅಷ್ಟನ್ನೂ ಇಳಿಸಿ. ಕಾರು ನೆರಳಿನಲ್ಲಿರಲಿ, ಬಾನೆಟ್ ಮುಟ್ಟಿದರೆ ತಣ್ಣಗಿರಲಿ. ಚಕ್ರಗಳನ್ನು ಬೇರೆ ಬಟ್ಟೆ, ಬೇರೆ ನೀರಿನಿಂದ ಮೊದಲೇ ಮುಗಿಸಿಬಿಡಿ, ಏಕೆಂದರೆ ಬ್ರೇಕಿನಿಂದ ಉದುರುವ ಲೋಹದ ಪುಡಿ ಅಲ್ಲೇ ಹೆಚ್ಚು. ಆನಂತರ ಎರಡು ಬಕೆಟ್ ಇಟ್ಟುಕೊಳ್ಳಿ, ಒಂದರಲ್ಲಿ ಕಾರಿಗೆಂದೇ ಮಾಡಿದ ಶಾಂಪೂ, ಇನ್ನೊಂದರಲ್ಲಿ ಬರಿಯ ನೀರು. ಮೈಕ್ರೋಫೈಬರ್ ಕೈಗವಸನ್ನು ಶಾಂಪೂ ನೀರಿನಲ್ಲಿ ಅದ್ದಿ ಛಾವಣಿಯಿಂದ ಆರಂಭಿಸಿ, ಒಂದು ಭಾಗ ಮುಗಿದೊಡನೆ ಅದನ್ನು ಬರಿಯ ನೀರಿನಲ್ಲಿ ಜಾಲಾಡಿ, ಹಿಂಡಿ, ಮತ್ತೆ ಶಾಂಪೂಗೆ ಅದ್ದಿ. ಕೆಲಸ ಮುಗಿದಾಗ ಬರಿಯ ನೀರಿನ ಬಕೆಟ್ಟಿನ ತಳವನ್ನೊಮ್ಮೆ ನೋಡಿ. ಅಲ್ಲಿ ಕುಳಿತ ಮರಳೆಲ್ಲ ಒಂದೇ ಬಕೆಟ್ ಇದ್ದಿದ್ದರೆ ಮರಳಿ ಬಾಗಿಲಿನ ಮೇಲೆ ಓಡಾಡುತ್ತಿತ್ತು. ಬಾಗಿಲುಗಳ ಕೆಳಭಾಗ ಮತ್ತು ಬಂಪರ್‌ಗಳನ್ನು ಕಟ್ಟಕಡೆಗೆ ತೊಳೆಯಬೇಕು. ಉಜ್ಜುವುದು ಸುತ್ತುಸುತ್ತಾಗಿ ಬೇಡ, ನೇರವಾಗಿ, ಕೈಗವಸಿನ ಭಾರವಷ್ಟೇ ಬೀಳುವಂತೆ ಎಳೆದರೆ ಸಾಕು.

ಪಾತ್ರೆ ಲಿಕ್ವಿಡ್ ವಿಚಾರದಲ್ಲಿ ಎರಡೂ ಕಡೆಯವರ ಮಾತಿನಲ್ಲಿ ಸ್ವಲ್ಪ ಸ್ವಲ್ಪ ಸತ್ಯವಿದೆ. ಜಿಡ್ಡು ಬಿಡಿಸಲೆಂದೇ ಅದನ್ನು ಮಾಡಿರುವುದರಿಂದ ಹಳೆಯ ವ್ಯಾಕ್ಸನ್ನು ಅದು ಬಹುಮಟ್ಟಿಗೆ ಸವೆಸುತ್ತದೆ, ವಾರವಾರವೂ ಅದರಲ್ಲೇ ತೊಳೆದರೆ ರಬ್ಬರ್ ಪಟ್ಟಿಗಳಿಗೂ ಹಿತವಲ್ಲ. ಹಾಗೆಂದು ಒಮ್ಮೆ ಬಳಸಿದರೆ ಬಣ್ಣ ಹಾಳಾಗುವುದೂ ಇಲ್ಲ. ಆದರೆ ನೀವು ಮುಂದೆ ಕ್ಲೇ ಬಾರ್, ಅಂದರೆ ಬಣ್ಣಕ್ಕೆ ಕಚ್ಚಿಕೊಂಡ ಕಣಗಳನ್ನು ಎತ್ತಿ ತೆಗೆಯುವ ಜೇಡಿಮಣ್ಣಿನಂಥ ಮೆದು ತುಂಡು, ಬಳಸುವುದಾದರೆ ಹಳೆಯ ವ್ಯಾಕ್ಸಿನ ಬಹುಪಾಲು ಹೇಗೂ ಅದರೊಂದಿಗೇ ಹೋಗುತ್ತದೆ. ಹಾಗಾಗಿ ನಾನು ಅದನ್ನು ಅಡುಗೆಮನೆಯಲ್ಲೇ ಬಿಡುತ್ತೇನೆ.

ಈಗ ತರಿಯ ವಿಚಾರ. ಅದು ಬಣ್ಣದೊಳಗೆ ಕಚ್ಚಿಕೊಂಡಿರುವ ಲೋಹದ ಪುಡಿ, ಡಾಂಬರಿನ ಚುಕ್ಕೆ, ಮರದ ಅಂಟು ಇತ್ಯಾದಿ, ಶಾಂಪೂಗೆ ಜಗ್ಗುವುದಿಲ್ಲ. ತೆಳುವಾದ ಪ್ಲಾಸ್ಟಿಕ್ ಚೀಲವೊಂದರೊಳಗೆ ಕೈ ತೂರಿಸಿ, ತೊಳೆದ ಒದ್ದೆ ಬಾಗಿಲಿನ ಮೇಲೆ ಬೆರಳಾಡಿಸಿ ನೋಡಿ. ಬರಿಗೈಗೆ ಸಿಗದ ಕಣಗಳೂ ಆಗ ಗೊತ್ತಾಗುತ್ತವೆ. ಡಾಂಬರಿಗೆ ಟಾರ್ ರಿಮೂವರ್, ಲೋಹದ ಪುಡಿಗೆ ಐರನ್ ರಿಮೂವರ್ ಬಳಸಿ. ಎರಡನೆಯದು ಕಬ್ಬಿಣದೊಂದಿಗೆ ವರ್ತಿಸಿ ನೇರಳೆ ಬಣ್ಣಕ್ಕೆ ತಿರುಗುತ್ತದೆ, ನಾತವೂ ಜೋರಾಗಿರುತ್ತದೆ, ಗಾಬರಿಯಾಗಬೇಡಿ. ಕೈಗೆ ಗ್ಲೌಸ್ ಇರಲಿ, ಬಣ್ಣದ ಮೇಲೆ ಒಣಗಲು ಬಿಡದೆ ತೊಳೆದುಬಿಡಿ. ಅದಾದ ಮೇಲೂ ಉಳಿದದ್ದಕ್ಕೆ ಕ್ಲೇ ಬಾರ್. ಒಂದು ತುಂಡನ್ನು ಮುರಿದು ಅಂಗೈಯಲ್ಲಿ ಚಪ್ಪಟೆ ಮಾಡಿಕೊಂಡು, ಲೂಬ್ರಿಕಂಟ್ ಧಾರಾಳವಾಗಿ ಸಿಂಪಡಿಸಿ, ಒತ್ತದೆ ಹಿಂದೆ ಮುಂದೆ ಜಾರಿಸಿ. ಮೊದಲು ಕರಕರ ಎನ್ನುವ ಸಣ್ಣ ಸದ್ದು ಕೇಳುತ್ತದೆ, ಕ್ಲೇ ಅಲ್ಲಲ್ಲಿ ಹಿಡಿದಂತಾಗುತ್ತದೆ; ನಾಲ್ಕಾರು ಬಾರಿ ಓಡಾಡಿದ ಮೇಲೆ ಸದ್ದು ನಿಂತು ಸಲೀಸಾಗಿ ಜಾರತೊಡಗುತ್ತದೆ. ಅಲ್ಲಿಗೆ ಆ ಜಾಗ ಮುಗಿದಂತೆ. ಕ್ಲೇ ತಿರುವಿ ನೋಡಿದರೆ ಕಂದು ಗೆರೆಗಳು ಕಾಣುತ್ತವೆ, ಅದನ್ನು ಮಡಚಿ ನಾದಿ ಹೊಸ ಮುಖ ಹೊರತೆಗೆಯಿರಿ. ನೆಲಕ್ಕೆ ಬಿದ್ದ ಕ್ಲೇ ಎಷ್ಟೇ ಹೊಸದಾದರೂ ಎಸೆಯಲೇಬೇಕು.

ಉತ್ತರ: ಮೇಣದ ಡಬ್ಬಿ

ಮೇಲಿನವರು ತೊಳೆಯುವುದರ ಬಗ್ಗೆ ಹೇಳಿದ್ದರಿಂದ ನಾನು ಮುಂದಿನದಕ್ಕೆ ಬರುತ್ತೇನೆ.

ವ್ಯಾಕ್ಸಿನಿಂದ ಗೀರು ಹೋಗುವುದಿಲ್ಲ. ಕೆಲವು ವ್ಯಾಕ್ಸ್‌ಗಳಲ್ಲಿರುವ ಎಣ್ಣೆಯಂಶ ಸಣ್ಣ ಗೀರುಗಳನ್ನು ತುಂಬಿ ಮರೆಮಾಚುತ್ತದೆ, ಆರೆಂಟು ಬಾರಿ ತೊಳೆಯುವುದರೊಳಗೆ ಅವು ಮತ್ತೆ ಹಾಜರಾಗುತ್ತವೆ. ಗೀರು ನಿಜವಾಗಿ ಹೋಗಬೇಕಾದರೆ ಅದರ ಸುತ್ತಲಿನ ಕ್ಲಿಯರ್ ಕೋಟನ್ನೇ ಪಾಲಿಶ್‌ನಿಂದ ಕೆಲವು ಮೈಕ್ರಾನ್‌ಗಳಷ್ಟು ಸವೆಸಿ ಸಮ ಮಾಡಬೇಕು, ಹಾಗೆ ಸವೆದದ್ದು ಮತ್ತೆ ಬರುವುದಿಲ್ಲ. ಕೈಯಲ್ಲಿ ನವಿರಾದ ಫಿನಿಶಿಂಗ್ ಪಾಲಿಶ್ ಹಾಕಿ ಉಜ್ಜಿದರೆ ಬಲೆ ಸ್ವಲ್ಪ ಮಸುಕಾಗಬಹುದು, ಪೂರ್ತಿ ಮಾಯವಾಗುತ್ತದೆಂಬ ನಿರೀಕ್ಷೆ ಬೇಡ. ಉಗುರು ಅಡ್ಡಲಾಗಿ ಎಳೆದಾಗ ತಡೆಯುವಷ್ಟು ಆಳದ ಗೀರಿದ್ದರೆ ಅದನ್ನು ಪಾಲಿಶ್‌ನಿಂದ ತೆಗೆಯಲು ಹೋಗಲೇಬೇಡಿ. ಪಾಲಿಶ್ ಮಾಡುವಾಗ ಬಟ್ಟೆಗೆ ಕಾರಿನ ಬಣ್ಣ ಹತ್ತತೊಡಗಿದರೆ ತಕ್ಷಣ ನಿಲ್ಲಿಸಿ, ಕ್ಲಿಯರ್ ಕೋಟ್ ದಾಟಿ ಬಣ್ಣಕ್ಕೇ ಇಳಿದಿದ್ದೀರಿ ಎಂದರ್ಥ. ಕ್ಲಿಯರ್ ಕೋಟೇ ಇಲ್ಲದ ಹಳೆಯ ಕಾಲದ ವಾಹನಗಳಲ್ಲಿ ಮಾತ್ರ ಹೀಗೆ ಬಣ್ಣ ಹತ್ತುವುದು ಸಹಜ.

ಎರಡರ ಕ್ರಮ ಹೇಳುವುದಾದರೆ ಸೀಲಂಟ್ ಮೊದಲು, ವ್ಯಾಕ್ಸ್ ಆಮೇಲೆ. ಸೀಲಂಟ್ ಪಾಲಿಮರ್‌ನಿಂದ ಮಾಡಿದ್ದು, ಅದು ಬಣ್ಣದ ಮೇಲ್ಮೈಗೆ ನೇರವಾಗಿ ಅಂಟಿ ಗಟ್ಟಿಯಾಗಬೇಕು. ನಡುವೆ ಮೇಣದ ಎಣ್ಣೆಯಿದ್ದರೆ ಹಿಡಿತ ಸಿಗುವುದಿಲ್ಲ. ಅದೇ ಕಾರಣಕ್ಕೆ ಪಾಲಿಶ್ ಬಳಸಿದ್ದರೆ, ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಮೃದುವಾಗಿ ಒರೆಸಿ ಅದರ ಎಣ್ಣೆ ತೆಗೆದು ಆನಂತರವೇ ಸೀಲಂಟ್ ಹಚ್ಚಬೇಕು. ಕಾರ್ನೌಬಾಗೆ ಇಂಥ ಹಟವಿಲ್ಲ. ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ಜಾತಿಯ ತಾಳೆಮರದ ಎಲೆಗಳಿಂದ ತೆಗೆಯುವ ಈ ಮೇಣ ಸುಮಾರು 82ರಿಂದ 86 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವಂಥದು, ಸಸ್ಯಮೂಲದ ಮೇಣಗಳಲ್ಲಿ ತೀರಾ ಗಟ್ಟಿಯಾದದ್ದೆಂದು ಹೆಸರು ಪಡೆದದ್ದು. ಡಬ್ಬಿಯಲ್ಲಿ ಬರುವುದು ಶುದ್ಧ ಕಾರ್ನೌಬಾ ಅಲ್ಲ, ಅದನ್ನು ಹಚ್ಚಲು ಬರುವಂತೆ ದ್ರಾವಕ, ಎಣ್ಣೆ, ಬೇರೆ ಮೇಣಗಳನ್ನು ಬೆರೆಸಿರುತ್ತಾರೆ. ಬಾಳಿಕೆಯಲ್ಲಿ ಇದು ಕೆಲವು ವಾರಗಳಿಂದ ಒಂದೆರಡು ತಿಂಗಳವರೆಗೆ ಬಂದರೆ, ಒಳ್ಳೆಯ ಸೀಲಂಟ್ ನಾಲ್ಕರಿಂದ ಆರು ತಿಂಗಳು ಬರುತ್ತದೆ. ಕಾರು ಸದಾ ಬಿಸಿಲಿನಲ್ಲೇ ನಿಲ್ಲುವುದಾದರೆ ಎರಡರಿಂದಲೂ ಅಷ್ಟು ನಿರೀಕ್ಷಿಸಬೇಡಿ.

ಹಚ್ಚುವಾಗ ಜನ ಎಡವುವುದು ದಪ್ಪದ ವಿಚಾರದಲ್ಲಿ. ಮೇಲ್ಮೈ ಹಿಡಿದಿಟ್ಟುಕೊಳ್ಳುವುದು ಅತಿ ತೆಳುವಾದ ಪದರವನ್ನಷ್ಟೇ, ಮಿಕ್ಕದ್ದೆಲ್ಲ ಒರೆಸಿ ತೆಗೆಯಲು ಪಡುವ ಪಾಡು. ಫೋಮ್ ಪ್ಯಾಡಿಗೆ ಬಟಾಣಿ ಕಾಳಿನಷ್ಟು ಸೀಲಂಟ್ ತೆಗೆದುಕೊಂಡರೆ ಅರ್ಧ ಬಾನೆಟ್ಟಿಗೆ ಸಾಲುತ್ತದೆ. ಹಚ್ಚಿದ ಮೇಲೆ ಮಂಜು ಕವಿದಂತಾಗುವವರೆಗೆ ಕಾದು, ಒಂದು ಮೂಲೆಯಲ್ಲಿ ಬೆರಳಿನಿಂದ ಒಮ್ಮೆ ಎಳೆದು ನೋಡಿ. ಗೆರೆಯ ಜಾಗ ಸ್ವಚ್ಛವಾಗಿ ಹೊಳೆದರೆ ಒರೆಸಬಹುದು, ಮೆತ್ತಿಕೊಂಡರೆ ಇನ್ನೂ ಕಾಯಬೇಕು. ಸೀಲಂಟ್ ಒರೆಸಿದ ಕೂಡಲೇ ವ್ಯಾಕ್ಸ್ ಹಚ್ಚಬೇಡಿ. ಲೇಬಲ್ ಮೇಲೆ ಗಟ್ಟಿಯಾಗಲು ಎಷ್ಟು ಹೊತ್ತೆಂದು ಬರೆದಿರುತ್ತದೆ, ಕೆಲವಕ್ಕೆ ಒಂದು ಗಂಟೆ, ಕೆಲವಕ್ಕೆ ಇಡೀ ರಾತ್ರಿ. ಅಷ್ಟು ಹೊತ್ತು ಕಾರಿಗೆ ನೀರು ತಗಲದಿರಲಿ. ಬಣ್ಣ ಹಚ್ಚದ ಕಪ್ಪು ಪ್ಲಾಸ್ಟಿಕ್ ಅಂಚುಗಳಿಗೆ ಮೊದಲೇ ಮಾಸ್ಕಿಂಗ್ ಟೇಪ್ ಅಂಟಿಸಿ, ಅಲ್ಲಿ ಒಣಗಿದ ಬಿಳಿ ವ್ಯಾಕ್ಸನ್ನು ತೆಗೆಯುವುದರಲ್ಲಿ ಸಂಜೆ ಕಳೆದುಹೋಗುತ್ತದೆ.

ಕಡುನೀಲಿ

ಇಬ್ಬರಿಗೂ ಧನ್ಯವಾದಗಳು. ಪ್ಲಾಸ್ಟಿಕ್ ಚೀಲದ ಪರೀಕ್ಷೆ ಮಾಡಿದೆ, ಬಾಗಿಲಷ್ಟೇ ಅಲ್ಲ, ನುಣುಪಾಗಿದೆ ಎಂದುಕೊಂಡಿದ್ದ ಛಾವಣಿಯ ಮೇಲೂ ಕಣಗಳು ಸಿಕ್ಕವು. ಇನ್ನೆರಡು ಸಂದೇಹಗಳು. ನಮ್ಮ ಕೊಳವೆಬಾವಿಯ ನೀರು ಗಡಸಾಗಿದ್ದು, ಒಣಗಿದಲ್ಲೆಲ್ಲ ಬಿಳಿಯ ಉಂಗುರಗಳು ಉಳಿಯುತ್ತವೆ, ಅದಕ್ಕೇನು ಮಾಡಬೇಕು? ಮತ್ತು ಸೀಲಂಟಿನ ಮೇಲೆ ವ್ಯಾಕ್ಸ್ ಹಚ್ಚುವುದರಿಂದ ರಕ್ಷಣೆ ದುಪ್ಪಟ್ಟಾಗುತ್ತದೆಯೇ?

ಉತ್ತರ: ಸರಳವಾಗಿ

ದುಪ್ಪಟ್ಟಾಗುವುದಿಲ್ಲ. ಹಿಂದಿನವರ ಕ್ರಮವನ್ನು ನಾನು ಒಪ್ಪುತ್ತೇನೆ, ಎರಡನೆಯ ಪದರದ ಅಗತ್ಯವನ್ನು ಮಾತ್ರ ಒಪ್ಪುವುದಿಲ್ಲ. ಕೆಳಗಿನ ಸೀಲಂಟ್ ಆರು ತಿಂಗಳು ಬಾಳುವಂಥದಾದರೆ ಮೇಲಿನ ವ್ಯಾಕ್ಸ್ ಅದನ್ನು ಎಂಟಕ್ಕೆ ಏರಿಸುವುದಿಲ್ಲ, ಒಂದೆರಡು ತಿಂಗಳಲ್ಲಿ ತಾನು ಮೊದಲು ಸವೆದುಹೋಗುತ್ತದೆ. ಗಾಢ ಬಣ್ಣದ ಮೇಲೆ ಕಾರ್ನೌಬಾ ಕೊಡುವ ಆಳವಾದ ಹೊಳಪು ನಿಮಗಿಷ್ಟವಾದರೆ ಧಾರಾಳವಾಗಿ ಹಚ್ಚಿ, ಅದು ಕಣ್ಣಿನ ಸುಖಕ್ಕೆ. ನೀರು ಮಣಿಮಣಿಯಾಗಿ ನಿಲ್ಲುವುದನ್ನೇ ರಕ್ಷಣೆಯ ಅಳತೆಗೋಲು ಮಾಡಿಕೊಳ್ಳಬೇಡಿ. ಸರಿಯಾಗಿ ಜಾಲಿಸದ ಶಾಂಪೂವಿನ ಅಂಶ ಉಳಿದಿದ್ದರೂ ಧೂಳಿನ ಪೊರೆ ಕೂತಿದ್ದರೂ ಮಣಿ ಕಟ್ಟುವುದು ನಿಲ್ಲುತ್ತದೆ, ಕೆಳಗಿನ ಸೀಲಂಟ್ ಮಾತ್ರ ಇದ್ದಲ್ಲೇ ಇರುತ್ತದೆ. ಇನ್ನು, ಸೀಲಂಟಾಗಲಿ ವ್ಯಾಕ್ಸಾಗಲಿ ಹಕ್ಕಿ ಹಿಕ್ಕೆಯನ್ನು ತಡೆದೇಬಿಡುತ್ತವೆ ಎಂದು ನಂಬುವವರಿದ್ದಾರೆ. ಅವು ಕೊಡುವುದು ಸ್ವಲ್ಪ ಸಮಯ ಮಾತ್ರ. ಬಿಸಿಲಿಗೆ ಹಿಗ್ಗಿ ಮೆತ್ತಗಾದ ಕ್ಲಿಯರ್ ಕೋಟ್ ತಂಪಾಗುತ್ತ ಗಟ್ಟಿಯಾಗುವಾಗ, ಮೇಲೆ ಒಣಗಿ ಕುಳಿತ ಹಿಕ್ಕೆಯ ಅಚ್ಚಿಗೇ ಹೊಂದಿಕೊಂಡುಬಿಡುತ್ತದೆ. ಆದ್ದರಿಂದ ಕಂಡ ದಿನವೇ ಒದ್ದೆ ಬಟ್ಟೆಯನ್ನು ಅದರ ಮೇಲೆ ಕೆಲವು ನಿಮಿಷ ಹಾಸಿ ನೆನೆಸಿ, ಉಜ್ಜದೆ ಎತ್ತಿ ತೆಗೆಯಿರಿ.

ಮರುಬಣ್ಣ ಮಾಡಿಸಿದ ಬಂಪರ್ ಬಗ್ಗೆ ಯಾರೂ ಹೇಳಿಲ್ಲ. ಅದಕ್ಕೆ ಈಗಲೇ ಏನನ್ನೂ ಹಚ್ಚಬೇಡಿ. ಕಾರ್ಖಾನೆಯಲ್ಲಿ ಬರಿಯ ಲೋಹದ ಕವಚವನ್ನು 140 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬೇಯಿಸುವುದರಿಂದ ಬಣ್ಣ ಅಲ್ಲೇ ಪೂರ್ತಿ ಗಟ್ಟಿಯಾಗುತ್ತದೆ. ಪ್ಲಾಸ್ಟಿಕ್, ರಬ್ಬರ್ ಎಲ್ಲ ಜೋಡಿಸಿದ ವಾಹನವನ್ನು ಅಷ್ಟು ಬಿಸಿ ಮಾಡಲಾಗದು, ಮರುಬಣ್ಣವನ್ನು ಸುಮಾರು 60 ಡಿಗ್ರಿಯಲ್ಲಿ ಒಣಗಿಸುತ್ತಾರೆ. ಆಮೇಲೂ ಅದರಿಂದ ದ್ರಾವಕ ನಿಧಾನವಾಗಿ ಹೊರಬರುತ್ತಿರುತ್ತದೆ. ಸಾಮಾನ್ಯವಾಗಿ 30ರಿಂದ 90 ದಿನ ಕಾಯಲು ಹೇಳುತ್ತಾರೆ, ನಿಖರವಾದ ಅವಧಿಯನ್ನು ಬಣ್ಣ ಹಚ್ಚಿದವರನ್ನೇ ಕೇಳಿ. ಅಲ್ಲಿಯವರೆಗೆ ಶಾಂಪೂ ಮತ್ತು ನೀರಿನಿಂದ ಮೃದುವಾಗಿ ತೊಳೆದರೆ ಸಾಕು, ಕ್ಲೇ ಕೂಡ ಬೇಡ.

ಉತ್ತರ: ಎರಡು ಬಕೆಟ್

ಗಡಸು ನೀರಿನ ವಿಚಾರಕ್ಕೆ ಬರುತ್ತೇನೆ. ಆ ಬಿಳಿಯ ಉಂಗುರ ಮುಖ್ಯವಾಗಿ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಲವಣಗಳದು. ಹೊಸದಾದರೆ, ಬಿಳಿ ವಿನೆಗರ್‌ಗೆ ಅಷ್ಟೇ ಪ್ರಮಾಣದ ನೀರು ಬೆರೆಸಿ, ಬಟ್ಟೆಯನ್ನು ಅದರಲ್ಲಿ ಅದ್ದಿ ತಣ್ಣಗಿರುವ ಮೇಲ್ಮೈ ಮೇಲೆ ಒಂದೆರಡು ನಿಮಿಷ ಇಟ್ಟು ತೊಳೆದರೆ ಕರಗುತ್ತದೆ. ಅಲ್ಲಿನ ವ್ಯಾಕ್ಸೂ ತುಸು ಸವೆಯುವುದರಿಂದ ಈ ಕೆಲಸ ಸೀಲಂಟಿಗೆ ಮೊದಲೇ ಮುಗಿಯಲಿ. ಬಿಸಿಲಿನಲ್ಲಿ ಕಾದು ಕ್ಲಿಯರ್ ಕೋಟನ್ನೇ ಕೊರೆದ ಕಲೆಗೆ ವಿನೆಗರ್ ನಾಟುವುದಿಲ್ಲ, ಅದು ಪಾಲಿಶ್‌ನ ಪಾಲು.

ಕಲೆ ಬೀಳದಂತೆ ನೋಡಿಕೊಳ್ಳಬೇಕಾದರೆ ನೀರನ್ನು ಒಣಗಲು ಬಿಡಬಾರದು. ಕೊನೆಯ ಜಾಲನೆಗೆ ಪೈಪಿನ ತುದಿಯ ನಾಝಲ್ ಕಳಚಿ, ನೀರು ಸಿಡಿಯದೆ ಹಾಳೆಯಾಗಿ ಹರಿಯುವಂತೆ ಛಾವಣಿಯಿಂದ ಬಿಡಿ, ಮುಕ್ಕಾಲು ಪಾಲು ನೀರು ತಾನಾಗಿಯೇ ಇಳಿದುಹೋಗುತ್ತದೆ. ಉಳಿದದ್ದಕ್ಕೆ ದಪ್ಪನೆಯ ಮೈಕ್ರೋಫೈಬರ್ ಟವೆಲನ್ನು ಬಾನೆಟ್ಟಿನ ಮೇಲೆ ಅಗಲವಾಗಿ ಹಾಸಿ, ಎರಡು ಮೂಲೆ ಹಿಡಿದು ನಿಮ್ಮ ಕಡೆಗೆ ಮೆಲ್ಲನೆ ಎಳೆಯಿರಿ, ಉಜ್ಜಬೇಡಿ. ಈ ಟವೆಲ್‌ಗಳನ್ನು ಹತ್ತಿ ಬಟ್ಟೆಗಳೊಂದಿಗೆ ಒಗೆದರೆ ಅವುಗಳ ಜುಂಗೆಲ್ಲ ಇವಕ್ಕೆ ಹತ್ತುತ್ತದೆ, ಫ್ಯಾಬ್ರಿಕ್ ಸಾಫ್ಟನರ್ ಹಾಕಿದರೆ ನೀರು ಹೀರುವ ಗುಣವೇ ಹೋಗುತ್ತದೆ. ಅಂಚಿನಲ್ಲಿ ಹೊಲಿದ ಲೇಬಲ್ ಇದ್ದರೆ ಕತ್ತರಿಸಿಬಿಡಿ, ಅದೂ ಗೀರುತ್ತದೆ. ಎಲ್ಲ ಮುಗಿದ ಮೇಲೆ ಕಾರನ್ನು ಹಾಗೆಯೇ ನಿಲ್ಲಿಸದೆ ಸ್ವಲ್ಪ ದೂರ ಓಡಿಸಿ ಬ್ರೇಕ್ ಒತ್ತಿ, ಇಲ್ಲದಿದ್ದರೆ ಒದ್ದೆಯಾದ ಡಿಸ್ಕ್‌ಗಳ ಮೇಲೆ ಬೆಳಗಾಗುವಷ್ಟರಲ್ಲಿ ಕಿತ್ತಳೆ ಬಣ್ಣದ ತುಕ್ಕು ಕುಳಿತಿರುತ್ತದೆ. ಅದರಿಂದ ಅಪಾಯವೇನಿಲ್ಲ, ಒಂದೆರಡು ಬಾರಿ ಬ್ರೇಕ್ ಹಾಕಿದರೆ ಹೋಗುತ್ತದೆ. ಕನ್ನಡಿಗಳ ಹಿಂದೆ ಅಡಗಿದ ನೀರು ಹೊಸದಾಗಿ ಒರೆಸಿದ ಬಾಗಿಲಿನ ಮೇಲೆ ಇಳಿಯುವುದೂ ಇದೇ ಓಡಾಟದಲ್ಲೇ, ಆದ್ದರಿಂದ ಸೀಲಂಟ್ ಬಾಟಲಿಯ ಮುಚ್ಚಳ ತೆರೆಯುವ ಮುನ್ನ ಆ ಗೆರೆಗಳನ್ನು ಇನ್ನೊಮ್ಮೆ ಒರೆಸಿಕೊಳ್ಳಿ.