ರೀಫ್ ಟ್ಯಾಂಕಿನಲ್ಲಿ ಹಸಿರು ಪಾಚಿ, ಯಾವ ಔಷಧಿ ಹಾಕಲಿ?

ಪ್ರಶ್ನೆ (ಜೆ.ಪಿ. ನಗರ, ಬೆಂಗಳೂರು):

ನಮಸ್ಕಾರ. ಉಪ್ಪುನೀರಿನ ಟ್ಯಾಂಕ್ ಸರ್ವಿಸ್ ಮಾಡುವವರು ಈ ಗುಂಪಿನಲ್ಲಿ ಇದ್ದೀರಿ ಅಂತ ಗೊತ್ತಾಯಿತು, ಅದಕ್ಕೇ ಕೇಳುತ್ತಿದ್ದೇನೆ. ನಮ್ಮದು 75 ಲೀಟರಿನ ಪುಟ್ಟ ರೀಫ್ ಟ್ಯಾಂಕ್, ಅಂದರೆ ಮೀನಿನ ಜೊತೆ ಕೋರಲ್ (ಹವಳ) ಸಾಕುವ ಟ್ಯಾಂಕ್. ಶುರು ಮಾಡಿ ಎಂಟು ತಿಂಗಳಾಯಿತು. ಎರಡು ಕ್ಲೌನ್ ಮೀನು, ಒಂದು ಗೋಬಿ, ಕೋರಲ್‌ಗಳಲ್ಲಿ ಸ್ವಲ್ಪ ಝೋವಾ, ಮಶ್ರೂಮ್, ಒಂದು ಲೆದರ್ ಇವೆ. ಈಗ ಬಂಡೆಗಳ ಮೇಲೆಲ್ಲ ಹಸಿರು ಕೂದಲಿನಂಥ ಪಾಚಿ. ಕಿತ್ತರೆ ವಾರದಲ್ಲಿ ಮತ್ತೆ ಅಷ್ಟೇ ಉದ್ದ. ಝೋವಾ ನಡುವೆಯೂ ಹಬ್ಬಿರುವುದರಿಂದ ಅವು ಸರಿಯಾಗಿ ಅರಳುತ್ತಿಲ್ಲ.

ಬಳಸುವುದು ಮನೆಯ ಕುಡಿಯುವ ನೀರಿನ ಆರ್‌ಒ ನೀರು, ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣದ ಅಳತೆ) 60. ಲೈಟ್ ಬೆಳಗ್ಗೆ 9ರಿಂದ ರಾತ್ರಿ 10ರವರೆಗೆ. ಮೀನಿಗೆ ದಿನಕ್ಕೊಂದು ಕ್ಯೂಬ್ ಫ್ರೋಜನ್ ಮೈಸಿಸ್ (ಸೀಗಡಿಯಂಥ ಪುಟ್ಟ ಜೀವಿ). ಬಣ್ಣ ಹೋಲಿಸಿ ನೋಡುವ ಕಿಟ್‌ನಲ್ಲಿ ನೈಟ್ರೇಟ್ 2, ಫಾಸ್ಫೇಟ್ 0 ಬರುತ್ತಿದೆ. ಫಾಸ್ಫೇಟೇ ಇಲ್ಲ ಅಂದಮೇಲೆ ಇದು ಏನು ತಿಂದು ಬೆಳೆಯುತ್ತಿದೆ? ಅಂಗಡಿಯವರು ಪಾಚಿ ಸಾಯಿಸುವ ಒಂದು ಬಾಟಲಿ ಕೊಡುತ್ತೇವೆ ಅಂದರು. ಇಲ್ಲಾಂದ್ರೆ ಒಂದು ಟ್ಯಾಂಗ್ ಮೀನು ಬಿಡಿ, ಎಲ್ಲ ತಿಂದು ಮುಗಿಸುತ್ತೆ ಅಂತಲೂ ಹೇಳಿದರು. ಯಾವುದು ಮಾಡಲಿ ಸರ್?

ಉತ್ತರ (ಟ್ಯಾಂಕ್ ಸರ್ವಿಸ್):

ಎರಡೂ ಬೇಡ ಮೇಡಂ. ಸಿಹಿನೀರಿನ ಟ್ಯಾಂಕಿಗೆ ಮಾರುವ ಪಾಚಿನಾಶಕಗಳಲ್ಲಿ ಹಲವಕ್ಕೆ ತಾಮ್ರ ಹಾಕಿರುತ್ತಾರೆ. ತಾಮ್ರ ಬಿದ್ದರೆ ಪಾಚಿಗಿಂತ ಮೊದಲು ಬಸವನಹುಳು, ಸೀಗಡಿ, ಕೋರಲ್ ಹೋಗುತ್ತವೆ. ಬಂಡೆಯೊಳಗೂ ಸೇರಿಕೊಂಡು ಆಮೇಲೆ ನಿಧಾನಕ್ಕೆ ಬಿಡುತ್ತಾ ಇರುತ್ತದೆ. ಟ್ಯಾಂಗ್ ದಿನವಿಡೀ ಈಜಾಡುವ ಮೀನು, 75 ಲೀಟರಿನಲ್ಲಿ ಅದನ್ನು ಸಾಕಲು ಆಗುವುದಿಲ್ಲ. ಇಷ್ಟು ಚಿಕ್ಕ ಟ್ಯಾಂಕಿಗೆ ಅದನ್ನು ಮಾರುವವರು ವ್ಯಾಪಾರ ನೋಡುತ್ತಾರೆ, ಅಷ್ಟೇ.

ಫಾಸ್ಫೇಟ್ 0 ಯಾಕೆ ಬರುತ್ತಿದೆ ಅಂದರೆ, ಇರುವುದನ್ನೆಲ್ಲ ಪಾಚಿ ಆಗಲೇ ತಿಂದಿದೆ. ಕಿಟ್ ಅಳೆಯುವುದು ನೀರಿನಲ್ಲಿ ಉಳಿದಿದ್ದನ್ನು ಮಾತ್ರ. ಅಲ್ಲದೆ ನಮಗೆ ಬೇಕಾಗಿರುವುದು 0.03ರಿಂದ 0.1 ಪಿಪಿಎಂ (ಲೀಟರಿಗೆ ಮಿ.ಗ್ರಾಂ) ಮಟ್ಟ. ಅಷ್ಟು ಸಣ್ಣ ವ್ಯತ್ಯಾಸ ಬಣ್ಣದ ಚೀಟಿಯಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಹನ್ನಾ ಕಂಪನಿಯಂಥ ಡಿಜಿಟಲ್ ಚೆಕರ್ ಇದ್ದರೆ ಒಳ್ಳೆಯದು. ಕೆಲವು ಮಾಡೆಲ್ ಫಾಸ್ಫೇಟ್ ಬದಲು ಫಾಸ್ಫರಸ್ ತೋರಿಸುತ್ತವೆ, ಪಿಪಿಬಿ (ನೂರು ಕೋಟಿಯಲ್ಲಿ ಒಂದು ಭಾಗ) ಲೆಕ್ಕದಲ್ಲಿ. ಅದನ್ನು 3.066ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಫಾಸ್ಫೇಟ್ ಸಿಗುತ್ತದೆ.

ನನಗೆ ಜಾಸ್ತಿ ಅನುಮಾನ ಇರುವುದು ನಿಮ್ಮ ನೀರಿನ ಮೇಲೆ. ಕುಡಿಯುವ ನೀರಿನ ಆರ್‌ಒದಲ್ಲಿ ಹೆಚ್ಚಿನವಕ್ಕೆ ಒಂದು ಸಣ್ಣ ಟಿಡಿಎಸ್ ಅಡ್ಜಸ್ಟರ್ ಸ್ಕ್ರೂ ಇರುತ್ತದೆ. ರುಚಿಗೋಸ್ಕರ ಅದು ಮೆಂಬ್ರೇನ್ ದಾಟದ ನೀರನ್ನೂ ಸ್ವಲ್ಪ ಬೆರೆಸುತ್ತದೆ. ಕುಡಿಯುವುದಕ್ಕೆ ಏನೂ ತೊಂದರೆ ಇಲ್ಲ. ಆದರೆ ಬೋರ್ ನೀರಾದರೆ ಅದರ ಜೊತೆ ನೈಟ್ರೇಟ್, ಸಿಲಿಕೇಟ್ ಎಲ್ಲ ಟ್ಯಾಂಕಿಗೆ ಬರುತ್ತದೆ. ಬೆಂಗಳೂರಿನ ಎಷ್ಟೋ ಬೋರ್‌ವೆಲ್‌ಗಳಲ್ಲಿ ನೈಟ್ರೇಟ್ ಕುಡಿಯುವ ನೀರಿನ ಮಿತಿಯಾದ 45 ಮಿ.ಗ್ರಾಂ ದಾಟಿರುತ್ತದೆ. ನಿಮ್ಮದು ಕಾವೇರಿಯೋ ಬೋರೋ ಹೇಳಲಿಲ್ಲ.

ಸಾರು ಕುದ್ದು ಬತ್ತಿದರೆ ಉಪ್ಪು ಜಾಸ್ತಿ ಆಗುತ್ತಲ್ವಾ, ಟ್ಯಾಂಕಿನಲ್ಲೂ ಹಾಗೇ. ಆವಿಯಾಗಿ ಹೋಗುವುದು ಬರೀ ನೀರು. ಅದರಲ್ಲಿದ್ದದ್ದೆಲ್ಲ ಒಳಗೇ ಉಳಿಯುತ್ತದೆ. ದಿನಕ್ಕೆ ಒಂದು ಲೀಟರ್ ಟಾಪ್‌ಅಪ್ ಹಾಕುತ್ತೀರಿ, ಆ ನೀರಿನಲ್ಲಿ ಲೀಟರಿಗೆ 15 ಮಿ.ಗ್ರಾಂ ನೈಟ್ರೇಟ್ ಇದೆ ಅಂದುಕೊಳ್ಳಿ. ತಿಂಗಳಿಗೆ 450 ಮಿ.ಗ್ರಾಂ ಆಯಿತು. ಬಂಡೆ, ಮರಳಿನ ಜಾಗ ಕಳೆದರೆ ನಿಮ್ಮ ಟ್ಯಾಂಕಿನಲ್ಲಿ ಇರುವ ನೀರು ಸುಮಾರು 60 ಲೀಟರ್. ಅಂದರೆ ಒಂದು ಚೂರು ಊಟ ಹಾಕದಿದ್ದರೂ ತಿಂಗಳಿಗೆ ಲೀಟರಿಗೆ ಏಳೂವರೆ ಮಿ.ಗ್ರಾಂ ಏರುತ್ತದೆ. ಪಾಚಿಗೆ ಇನ್ನೇನು ಬೇಕು?

ಆ ಸ್ಕ್ರೂ ಪೂರ್ತಿ ಮುಚ್ಚಿ. ಮಿನರಲ್ ಕಾರ್ಟ್ರಿಜ್‌ಗಿಂತ ಮೊದಲೇ ಒಂದು ಪೈಪ್ ಎಳೆದುಕೊಂಡು, ಅದಕ್ಕೆ ಡಿಐ ರೆಸಿನ್ (ಉಳಿದ ಲವಣವನ್ನೂ ಹೀರುವ ಹರಳು) ತುಂಬಿದ ಕಾರ್ಟ್ರಿಜ್ ಸೇರಿಸಿ. ಟಿಡಿಎಸ್ 0 ಬರಬೇಕು. ಆ ನೀರನ್ನು ಕುಡಿಯುವುದಕ್ಕೆ ಬಳಸಬೇಡಿ, ಅಡುಗೆಮನೆ ಪೈಪ್ ಬೇರೆಯೇ ಇರಲಿ. ಸರ್ವಿಸ್ ಹುಡುಗನಿಗೆ ಮೊದಲೇ ಹೇಳಿಡಿ. ಇಲ್ಲದಿದ್ದರೆ ಮುಂದಿನ ಸಲ ಬಂದಾಗ "ನೀರು ಸಪ್ಪೆ ಇದೆ" ಅಂತ ಅವನೇ ಸ್ಕ್ರೂ ಮತ್ತೆ ತೆರೆದು ಹೋಗುತ್ತಾನೆ.

ಇನ್ನು ಪಾಚಿ ಕೀಳುವುದು. ಉದ್ದ ಬೆಳೆದ ಪಾಚಿಯನ್ನು ಬಸವನಹುಳು ಮುಟ್ಟುವುದಿಲ್ಲ, ಗಿಡ್ಡಗಿದ್ದರೆ ಮಾತ್ರ ಮೇಯುತ್ತದೆ. ಆದ್ದರಿಂದ ಮೊದಲು ಕೈಕೆಲಸ. ನಾನು ಮಾಡುವ ರೀತಿ ಹೇಳುತ್ತೇನೆ. ಸೈಫನ್ ಪೈಪಿನ ತುದಿಗೆ ಒಂದು ಹೊಸ ಟೂತ್‌ಬ್ರಷ್ ಇಟ್ಟು ಎರಡು ಕೇಬಲ್ ಟೈ ಬಿಗಿಯಿರಿ. ಬ್ರಷ್‌ನ ಕೂದಲು ಪೈಪಿನ ಬಾಯಿಂದ ಅರ್ಧ ಇಂಚು ಮುಂದಿರಲಿ. ನೀರು ಬದಲಿಸುವ ದಿನ ಸೈಫನ್ ಓಡುತ್ತಿರುವಾಗಲೇ ಬಂಡೆ ಉಜ್ಜಿ. ಬಿಟ್ಟುಬಂದ ಎಳೆ ತೇಲಿ ಹೋಗದೆ ಸೀದಾ ಬಕೆಟ್‌ಗೆ ಬೀಳುತ್ತದೆ. ಸುಮ್ನೆ ಕೈಯಲ್ಲಿ ಕಿತ್ತು ಒಳಗೇ ಬಿಟ್ಟರೆ ಚೂರುಗಳು ಬೇರೆ ಬಂಡೆಗೆ ಹೋಗಿ ಕೂರುತ್ತವೆ, ಸತ್ತದ್ದು ಕೊಳೆತು ಮತ್ತೆ ಫಾಸ್ಫೇಟ್ ಆಗುತ್ತದೆ. ಬುಡ ಬಂಡೆ ಬಿಟ್ಟು ಬರದಿದ್ದರೆ ಹೆಬ್ಬೆರಳಿನ ಉಗುರಿನಿಂದ ಅಲ್ಲೇ ಚಿವುಟಿ.

ಝೋವಾ ಇರುವ ಬಂಡೆಯನ್ನು ಮಾತ್ರ ಹುಷಾರಾಗಿ ಮುಟ್ಟಿ. ಝೋವಾ ಜಾತಿಯ ಕೆಲವದರಲ್ಲಿ, ಅದರಲ್ಲೂ ಪ್ಯಾಲಿಥೋವಾಗಳಲ್ಲಿ, ಪ್ಯಾಲಿಟಾಕ್ಸಿನ್ ಎಂಬ ಕಡು ವಿಷ ಇರುತ್ತದೆ. ಗ್ಲೌಸ್ ಹಾಕಿ, ಕಣ್ಣಿಗೆ ಕನ್ನಡಕ ಹಾಕಿ. ಕೈಯಲ್ಲಿ ಗಾಯ ಇದ್ದರೆ ಆ ಕೆಲಸವೇ ಬೇಡ. ಬಂಡೆಯನ್ನು ಬಿಸಿನೀರಿನಲ್ಲಿ ಕುದಿಸಿ ಪಾಚಿ ತೆಗೆಯಿರಿ ಅಂತ ಯಾರಾದರೂ ಹೇಳಿದರೆ ಕಿವಿಗೇ ಹಾಕಿಕೊಳ್ಳಬೇಡಿ. ಆ ಹಬೆ ಕುಡಿದು ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಉದಾಹರಣೆಗಳಿವೆ.

ಲೈಟ್ 13 ಗಂಟೆ ಯಾಕೆ? 8 ಗಂಟೆ ಸಾಕು. ಬಿಳಿ ಚಾನೆಲ್ ಇಳಿಸಿ, ನೀಲಿ ಹಾಗೇ ಇರಲಿ. ಮೈಸಿಸ್ ಕ್ಯೂಬನ್ನು ಟೀ ಸೋಸುವ ಜಾಲರಿಯಲ್ಲಿ ಕರಗಿಸಿ, ಆ ನೀರು ಚೆಲ್ಲಿ, ಮೈಸಿಸ್ ಮಾತ್ರ ಹಾಕಿ. ನಿಮ್ಮ ಮೂರು ಮೀನಿಗೆ ಕಾಲು ಕ್ಯೂಬ್ ಸಾಕಾಗುತ್ತದೆ. ಫಿಲ್ಟರ್ ಫ್ಲಾಸ್, ಅಂದರೆ ಕೊಳೆ ಹಿಡಿಯುವ ಹತ್ತಿಯಂಥ ಪದರ, ಮೂರು ದಿನಕ್ಕೊಮ್ಮೆ ಬದಲಿಸಿ. ಕೊಳೆ ಅದರಲ್ಲೇ ಕೂತು ಕರಗಿದರೆ ಫ್ಲಾಸ್ ಇದ್ದೂ ಇಲ್ಲದಂತೆ.

ಉಜ್ಜಿದ ಮೇಲೆ ಐದಾರು ಟ್ರೋಕಸ್ ಬಸವನಹುಳು ಬಿಡಿ. ಟರ್ಬೋ ಇನ್ನೂ ಜೋರಾಗಿ ತಿನ್ನುತ್ತದೆ, ಆದರೆ ಬುಲ್ಡೋಜರ್ ಬುದ್ಧಿ, ಅಂಟಿಸದ ಕೋರಲನ್ನೆಲ್ಲ ಉರುಳಿಸುತ್ತದೆ. ಟ್ರೋಕಸ್ ಮಗುಚಿ ಬಿದ್ದರೂ ತಾನೇ ಎದ್ದುಕೊಳ್ಳುತ್ತದೆ. ತಂದ ತಕ್ಷಣ ಟ್ಯಾಂಕಿಗೆ ಹಾಕಬೇಡಿ, ಉಪ್ಪಿನ ಅಂಶ ಹಠಾತ್ ಬದಲಾದರೆ ಬಸವನಹುಳು ತಡೆಯುವುದಿಲ್ಲ. ಹನಿ ಹನಿಯಾಗಿ ನಿಮ್ಮ ನೀರು ಬೆರೆಸಿ ಒಂದು ಗಂಟೆ ಒಗ್ಗಿಸಿ.

ಇಷ್ಟಾದರೂ ಪಾಚಿ ಇಳಿಯಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಬಂಡೆ ಹೀರಿಕೊಂಡಿರುವ ಫಾಸ್ಫೇಟ್ ಒಂದೇ ಸಲ ಹೊರಗೆ ಬರುವುದಿಲ್ಲ. ಬೇಗ ಆಗಲಿ ಅಂತ ಜಿಎಫ್‌ಒ, ಅಂದರೆ ಫಾಸ್ಫೇಟ್ ಹೀರುವ ಆ ತುಕ್ಕಿನ ಬಣ್ಣದ ಕಬ್ಬಿಣದ ಹರಳು, ಪೂರ್ತಿ ಡೋಸ್ ಹಾಕಬೇಡಿ. ಫಾಸ್ಫೇಟ್ ಒಮ್ಮೆಲೇ ಕುಸಿದರೆ ಕೋರಲ್ ಬಿಳಿಚಿಕೊಳ್ಳುತ್ತದೆ. ಹಾಕಲೇಬೇಕು ಅಂದರೆ ಪ್ಯಾಕೆಟ್ ಮೇಲೆ ಹೇಳಿದ್ದರ ಕಾಲು ಭಾಗದಿಂದ ಶುರು ಮಾಡಿ. ನೈಟ್ರೇಟ್ 5ರಿಂದ 10 ಇದ್ದರೆ ನನಗೆ ಸಂತೋಷ. ಸೊನ್ನೆ ಮಾಡಲು ಹೊರಟವರ ಕಥೆ ಕೆಳಗೆ ಬರುತ್ತದೆ ನೋಡಿ, ಯಾರಾದರೂ ಕೇಳಿಯೇ ಕೇಳುತ್ತಾರೆ.

ಪ್ರಶ್ನೆ (ಹುಬ್ಬಳ್ಳಿ):

ಆ ಕಥೆ ನಂದೇ ಇರಬೇಕ್ರೀ ಸರ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ, ಡಿಜಿಟಲ್ ಮೀಟರ್‌ನಲ್ಲೂ ಸೊನ್ನೆ. ವಾರಕ್ಕೆರಡು ಸಲ ನೀರು ಬದಲಿಸುತ್ತೇನೆ. ಆದರೂ ಕಂದು ಬಣ್ಣದ ಲೋಳೆ. ಸಂಜೆ ಹೊತ್ತಿಗೆ ಎಳೆ ಎಳೆಯಾಗಿ ನೇತಾಡುತ್ತದೆ, ತುದಿಯಲ್ಲಿ ಗುಳ್ಳೆ. ಬೆಳಗ್ಗೆ ನೋಡಿದರೆ ಅರ್ಧ ಮಾಯ. ಎರಡು ಬಸವನಹುಳು ಸತ್ತವು.

ಉತ್ತರ (ಟ್ಯಾಂಕ್ ಸರ್ವಿಸ್):

ಲಕ್ಷಣ ನೋಡಿದರೆ ಡೈನೋಫ್ಲಾಜೆಲೇಟ್ ಎಂಬ ಏಕಕೋಶ ಜೀವಿ. ನಾವು ಡೈನೋ ಅನ್ನುತ್ತೇವೆ. ಖಚಿತ ಮಾಡಿಕೊಳ್ಳಲು ಸ್ವಲ್ಪ ಲೋಳೆಯನ್ನು ಟ್ಯಾಂಕ್ ನೀರಿನ ಜೊತೆ ಬಾಟಲಿಗೆ ಹಾಕಿ ಜೋರಾಗಿ ಕುಲುಕಿ. ಕಾಫಿ ಫಿಲ್ಟರ್ ಪೇಪರ್‌ನಲ್ಲಿ ಸೋಸಿ, ತಿಳಿನೀರನ್ನು ಗಾಜಿನ ಲೋಟದಲ್ಲಿ ಟ್ಯಾಂಕ್ ಲೈಟಿನ ಕೆಳಗೆ ಒಂದು ಗಂಟೆ ಇಡಿ. ಮತ್ತೆ ಎಳೆ ಕಟ್ಟಿದರೆ ಅದು ಡೈನೋ. ಮಕ್ಕಳ ಶಾಲೆಯ ಮೈಕ್ರೋಸ್ಕೋಪ್ ಸಿಕ್ಕರೆ ಇನ್ನೂ ಒಳ್ಳೆಯದು. ಹನಿಯಾಕಾರದ ಜೀವಿ ಒಂದೇ ಜಾಗದಲ್ಲಿ ದಾರಕ್ಕೆ ಕಟ್ಟಿದ ಹಾಗೆ ಸುತ್ತುತ್ತಿದ್ದರೆ ಆಸ್ಟ್ರಿಯೋಪ್ಸಿಸ್. ಅದು ರಾತ್ರಿ ಬಂಡೆ ಬಿಟ್ಟು ನೀರಿಗೆ ಬರುತ್ತದೆ, ಹಾಗಾಗಿ ಹರಿಯುವ ನೀರಿಗೆ ಯುವಿ ಬೆಳಕು ಹಾಯಿಸುವ ಸ್ಟೆರಿಲೈಸರ್ ಚೆನ್ನಾಗಿ ಕೆಲಸ ಮಾಡುತ್ತದೆ. ಮರಳಿನಲ್ಲೇ ಇರುವ ಆಂಫಿಡಿನಿಯಂ ಆದರೆ ಯುವಿ ದಂಡ.

ನೀರು ಬದಲಿಸುವುದನ್ನು ಸದ್ಯಕ್ಕೆ ನಿಲ್ಲಿಸಿ. ಜಿಎಫ್‌ಒ ಇದ್ದರೆ ತೆಗೆಯಿರಿ. ಊಟ ಜಾಸ್ತಿ ಮಾಡಿ, ಬೇಕಾದರೆ ಅಕ್ವೇರಿಯಂಗೆ ಸಿಗುವ ನೈಟ್ರೇಟ್, ಫಾಸ್ಫೇಟ್ ದ್ರಾವಣ ಹಾಕಿ ನೈಟ್ರೇಟ್ 5ಕ್ಕೆ, ಫಾಸ್ಫೇಟ್ 0.1ರ ಹತ್ತಿರಕ್ಕೆ ತನ್ನಿ. ಬೇರೆ ಪಾಚಿ, ಬ್ಯಾಕ್ಟೀರಿಯಾ ಎಲ್ಲ ಹಸಿದು ಸೋತಾಗ ಖಾಲಿ ಜಾಗ ಹಿಡಿಯುವುದು ಈ ಡೈನೋ. ಸ್ವಲ್ಪ ಹಸಿರು ಪಾಚಿ ಬರಲು ಶುರುವಾದರೆ ಹೆದರಬೇಡಿ, ನೀವು ಗೆಲ್ಲುತ್ತಿದ್ದೀರಿ ಅಂತ ಅರ್ಥ. ಬಸವನಹುಳು ಸತ್ತದ್ದು ಡೈನೋ ವಿಷದಿಂದಲೇ ಇರಬಹುದು, ಸದ್ಯಕ್ಕೆ ಹೊಸದು ತರಬೇಡಿ.

ಪ್ರಶ್ನೆ (ಮಂಗಳೂರು):

ನಮಗೆ ಸಮುದ್ರ ಹತ್ತಿರವೇ ಉಂಟಲ್ಲ ಮಾರಾಯ್ರೇ. ಪಣಂಬೂರಿನಿಂದ ನೀರು ತಂದು ಹಾಕಿದರೆ ಆಗುವುದಿಲ್ವಾ? ಮುರುಡೇಶ್ವರದ ಕಡೆ ಹೋದಾಗ ನೇತ್ರಾಣಿ ದ್ವೀಪದಿಂದ ಎರಡು ಬಂಡೆ ಸಹ ತರಬಹುದು ಅಂತ ಒಬ್ಬರು ಹೇಳಿದರು.

ಉತ್ತರ (ಟ್ಯಾಂಕ್ ಸರ್ವಿಸ್):

ಬಂಡೆಯ ಮಾತು ಬಿಟ್ಟುಬಿಡಿ. ರೀಫ್ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲ್‌ನಲ್ಲಿವೆ, ಹುಲಿ ಇರುವ ಪಟ್ಟಿಯಲ್ಲೇ. ಸತ್ತ ಹವಳದ ತುಂಡು ತಂದರೂ ಕೇಸ್. ಒಣ ಬಂಡೆ ಅಂಗಡಿಯಲ್ಲೇ ಸಿಗುತ್ತದೆ.

ನೀರೂ ಬೇಡ. ದಡದ ನೀರು ಬೇರೆ, ಹವಳ ಇರುವ ತಿಳಿನೀರು ಬೇರೆ. ಪಣಂಬೂರಿನಲ್ಲಿ ಪಕ್ಕದಲ್ಲೇ ಬಂದರು, ಸ್ವಲ್ಪ ದಕ್ಷಿಣಕ್ಕೆ ನದಿ ಬಂದು ಸೇರುತ್ತದೆ. ಮಳೆಗಾಲದಲ್ಲಿ ಉಪ್ಪು ಇಳಿದು, ಗದ್ದೆ ತೋಟದ ಗೊಬ್ಬರವೆಲ್ಲ ಅದರ ಜೊತೆ ಬರುತ್ತದೆ. ಪಾಚಿಗೆ ಅದಕ್ಕಿಂತ ಒಳ್ಳೆಯ ಊಟ ಇಲ್ಲ. ಟಿಡಿಎಸ್ 0 ನೀರಿಗೆ ರೀಫ್ ಸಾಲ್ಟ್ ಬೆರೆಸಿ, ಉಪ್ಪಿನ ಅಂಶ 35 ಪಿಪಿಟಿ (ಸಾವಿರಕ್ಕೆ 35 ಭಾಗ) ಮಾಡಿಕೊಳ್ಳಿ.

ಮೊದಲ ಪ್ರಶ್ನೆ ಕೇಳಿದವರು (ಜೆ.ಪಿ. ನಗರ):

ಸರ್, ನಮ್ಮದು ಬೋರ್ ನೀರೇ. ಸ್ಕ್ರೂ ಅರ್ಧ ತೆರೆದಿತ್ತು. ಮುಚ್ಚಿದ ಮೇಲೆ ಟಿಡಿಎಸ್ 60ರಿಂದ 22ಕ್ಕೆ ಇಳಿಯಿತು, ಡಿಐ ದಾಟಿದ ಮೇಲೆ 0. ಬ್ರಷ್ ಪೈಪ್ ಚೆನ್ನಾಗಿ ಕೆಲಸ ಮಾಡಿತು. ಒಂದು ಬಂಡೆಯ ಮೇಲಿರುವುದು ಮಾತ್ರ ಬೇರೆ ಥರ ಕಾಣುತ್ತಿದೆ. ಎಳೆ ಎಳೆ ಇಲ್ಲ, ಪುಟ್ಟ ಜರೀಗಿಡದ ಎಲೆಯ ಹಾಗೆ ಎರಡೂ ಕಡೆ ಕವಲು. ಬಸವನಹುಳು ಅದರ ಹತ್ತಿರವೂ ಹೋಗುವುದಿಲ್ಲ. ಪೆರಾಕ್ಸೈಡ್ ಹಾಕಬಹುದಾ?

ಉತ್ತರ (ಟ್ಯಾಂಕ್ ಸರ್ವಿಸ್):

ಅದು ಬ್ರಯೋಪ್ಸಿಸ್ ಎಂಬ ಬೇರೆ ಜಾತಿಯ ಹಸಿರು ಪಾಚಿ. ಊಟ ಕಡಿಮೆ ಮಾಡಿದರೂ ಅದು ಜಗ್ಗುವುದಿಲ್ಲ. ಆ ಬಂಡೆ ಮೇಲೆ ಕೋರಲ್ ಇಲ್ಲದಿದ್ದರೆ ಹೊರಗೆ ತೆಗೆದು ಪೆರಾಕ್ಸೈಡ್ ಹಚ್ಚಿ ನೋಡಿ. ಮೆಡಿಕಲ್ ಶಾಪಿನಲ್ಲಿ ಸಿಗುವುದು ಸಾಮಾನ್ಯವಾಗಿ 6 ಶೇಕಡಾದ್ದು. ಅಷ್ಟೇ ಆರ್‌ಒ ನೀರು ಬೆರೆಸಿದರೆ 3 ಶೇಕಡಾ ಆಗುತ್ತದೆ. ಬ್ರಷ್‌ನಿಂದ ಪಾಚಿಗಷ್ಟೇ ಹಚ್ಚಿ, ಕೆಲವು ನಿಮಿಷ ಬಿಟ್ಟು, ಬಕೆಟ್ ಉಪ್ಪುನೀರಿನಲ್ಲಿ ತೊಳೆದು ವಾಪಸ್ ಇಡಿ. ಎರಡು ದಿನದಲ್ಲಿ ಬಿಳಿಚುತ್ತದೆ.

ಮತ್ತೆ ಚಿಗುರಿದರೆ ಫ್ಲುಕೊನಜೋಲ್ ಅಂತ ಒಂದು ಫಂಗಸ್ ಮಾತ್ರೆ ಇದೆ. ರೀಫ್ ಸಾಕುವವರು ಲೀಟರಿಗೆ ಸುಮಾರು 5 ಮಿ.ಗ್ರಾಂ ಲೆಕ್ಕದಲ್ಲಿ ಕರಗಿಸಿ ಹಾಕುತ್ತಾರೆ. ನಿಮ್ಮ 60 ಲೀಟರಿಗೆ 300 ಮಿ.ಗ್ರಾಂ. ಆಗ ಫಿಲ್ಟರ್‌ನ ಕಾರ್ಬನ್ (ಇದ್ದಿಲು) ತೆಗೆದಿರಬೇಕು, ಎರಡು ಮೂರು ವಾರ ಕಾಯಬೇಕು. ಪಾಚಿ ಒಟ್ಟಿಗೆ ಸತ್ತು ಕೊಳೆತರೆ ನೈಟ್ರೇಟ್ ಏರುತ್ತದೆ, ಆದಷ್ಟು ಮೊದಲೇ ಕಿತ್ತು ತೆಗೆದಿರಿ. ಆದರೆ ಮೊದಲು ಪೆರಾಕ್ಸೈಡ್. ಒಂದೇ ಬಂಡೆ ಅಲ್ವಾ, ಇಡೀ ಟ್ಯಾಂಕಿಗೆ ಔಷಧಿ ಯಾಕೆ? ಹಚ್ಚಿ ಒಂದು ವಾರ ಬಿಟ್ಟು ಫೋಟೋ ಹಾಕಿ, ಬಿಳಿ ಲೈಟ್ ಹಾಕಿ ತೆಗೆಯಿರಿ, ನೀಲಿಯಲ್ಲಿ ನನಗೆ ಏನೂ ಗೊತ್ತಾಗುವುದಿಲ್ಲ.