ಮಳೆಗಾಲ ಕಳೆದ ಮೇಲೆ ಬೇಸ್ ರಿಗ್‌ನಲ್ಲಿ ಬೂಷ್ಟು, ಪಿನ್ ಬಿಗಿ: ಎಲ್ಲಿಂದ ಶುರು ಮಾಡುವುದು?

ಸುರತ್ಕಲ್_ಗಾಳಿ:

ಸೇತುವೆ, ಬಂಡೆಯಂಥ ಎತ್ತರದಿಂದ ಪ್ಯಾರಾಚ್ಯೂಟ್ ಕಟ್ಟಿ ಹಾರುವ ಬೇಸ್ ಜಂಪಿನ ರಿಗ್ ನನ್ನದು. ಎರಡು ಪಿನ್ನಿನ ಕಂಟೇನರ್, ಅಂದರೆ ಬಾಯನ್ನು ಎರಡು ಪಿನ್ ಮುಚ್ಚಿ ಹಿಡಿಯುವ ಬೆನ್ನುಚೀಲ. ಒಳಗೆ 240 ಚದರಡಿಯ, ಗಾಳಿ ತುಂಬುವ ಏಳು ಸೆಲ್‌ಗಳ ಕ್ಯಾನಪಿ (ಮುಖ್ಯ ಪ್ಯಾರಾಚ್ಯೂಟ್), ಎಫ್-111 ಅನ್ನುವ ನೈಲಾನ್ ಬಟ್ಟೆ, ಡೇಕ್ರಾನ್ ಲೈನ್, ಪಿನ್ ಎಳೆದು ಕ್ಯಾನಪಿಯನ್ನು ಹೊರತರುವ 46 ಇಂಚಿನ ಪೈಲಟ್ ಚ್ಯೂಟ್. ಮೇ ಕೊನೆಗೆ ಪ್ಯಾಕ್ ಮಾಡಿ ಕಬ್ಬಿಣದ ಕಪಾಟಿನಲ್ಲಿ ಇಟ್ಟದ್ದು, ತೆಗೆದದ್ದು ಈಗ ಅಕ್ಟೋಬರಿನಲ್ಲಿ. ಮನೆ ಕಡಲಿನಿಂದ ಅರ್ಧ ಕಿಲೋಮೀಟರ್ ಕೂಡ ಇಲ್ಲ. ರಿಗ್ ನೀರಿಗೆ ಬಿದ್ದದ್ದಿಲ್ಲ.

ಈಗಿನ ಅವಸ್ಥೆ: ಕ್ಯಾನಪಿಯ ಹಿಂಬದಿ ಅಂಚಿನಲ್ಲಿ ಅಂಗೈ ಅಗಲದಷ್ಟು ಕಪ್ಪು ಚುಕ್ಕೆ, ಮುಗ್ಗಲು ವಾಸನೆ. ಲೈನ್‌ಗಳನ್ನು ರೈಸರ್‌ಗೆ (ಹೆಗಲ ಪಟ್ಟಿಗೆ) ಕೂಡಿಸುವ ಲೋಹದ ಲಿಂಕ್‌ಗಳ ಮೇಲೆ ಬಿಳಿ ಹುಡಿ. ಕ್ಲೋಸಿಂಗ್ ಲೂಪ್ (ಪಿನ್ ಸಿಕ್ಕಿಸುವ ದಾರದ ಕುಣಿಕೆ) ಹಾದುಬರುವ ಹಿತ್ತಾಳೆ ಬಳೆ, ಅಂದರೆ ಗ್ರೋಮೆಟ್‌ನ ಒಳ ಅಂಚು ಹಸಿರಾಗಿದೆ. ರಬ್ಬರ್ ಬ್ಯಾಂಡ್‌ಗಳು ಲೈನಿಗೆ ಅಂಟಿಕೊಂಡಿವೆ. ಪಿನ್ ಎಳೆದರೆ ಮೊದಲು ಹಿಡಿದುಕೊಳ್ಳುತ್ತದೆ, ಆಮೇಲೆ ಒಮ್ಮೆಲೇ ಬರುತ್ತದೆ.

ಏಪ್ರಿಲ್‌ನಲ್ಲಿ ಅಮೆರಿಕದ ಟ್ವಿನ್ ಫಾಲ್ಸ್‌ನ ಪೆರಿನ್ ಸೇತುವೆಗೆ ಹೋಗುವುದುಂಟು. ಮನೆಯಲ್ಲಿ ಹೇಳುವುದು, ನಿಂಬೆಹುಳಿ ಹಚ್ಚಿ ಒಳ್ಳೆ ಬಿಸಿಲಿಗೆ ಹಾಕಿದರೆ ಬೂಷ್ಟು ಹೋಗ್ತದೆ ಅಂತ. ಮಾಡಬಹುದಾ?

ತೀರದ_ಹೊಲಿಗೆ:

ಬೇಡ ಮಾರಾಯ್ರೆ. ನಿಂಬೆ ಬೇಡ, ವಿನೆಗರ್ ಬೇಡ, ಬ್ಲೀಚಿಂಗ್ ಪೌಡರ್ ಬೇಡ, ಬಿಸಿಲೂ ಬೇಡ. ಹತ್ತಿ ಬಟ್ಟೆಗೆ ಇವೆಲ್ಲ ಸರಿ, ನೈಲಾನಿಗೆ ಇವು ನಾಲ್ಕೂ ಶತ್ರುಗಳೇ. ಆಮ್ಲ ನೈಲಾನಿನ ಅಣುಗಳ ಸರಪಳಿಯನ್ನೇ ಕಡಿಯುತ್ತದೆ, ಅದೂ ಹೊರಗೆ ಏನೂ ಕಾಣದ ಹಾಗೆ. 1980ರ ದಶಕದಲ್ಲಿ ಅಮೆರಿಕದ ಕೆಲವು ದುಂಡು ರಿಸರ್ವ್ (ತುರ್ತಿಗೆ ಇಡುವ) ಪ್ಯಾರಾಚ್ಯೂಟುಗಳಲ್ಲಿ ಹೀಗೇ ಆಯಿತು. ಬಲೆಬಟ್ಟೆಯಲ್ಲಿ ಉಳಿದಿದ್ದ ಆಮ್ಲ, ಅದಕ್ಕೆ ತಾಗಿ ಮಡಚಿಟ್ಟ ನೈಲಾನನ್ನು ಒಳಗಿಂದೊಳಗೇ ಸಡಿಲ ಮಾಡಿತ್ತು. ರಿಗ್ಗರ್‌ಗಳು (ಪ್ಯಾರಾಚ್ಯೂಟ್ ಪರೀಕ್ಷಿಸಿ ರಿಪೇರಿ ಮಾಡುವವರು) ಆಮ್ಲ ತೋರಿಸುವ ಬ್ರೋಮೋಕ್ರೆಸಾಲ್ ಗ್ರೀನ್ ದ್ರಾವಣ ಹಚ್ಚಿ, ಬಣ್ಣ ನೀಲಿಯಿಂದ ಹಳದಿಗೆ ತಿರುಗುತ್ತದಾ ನೋಡಿ ಪತ್ತೆ ಹಚ್ಚಬೇಕಾಯಿತು.

ಇದೇ ಕಾರಣಕ್ಕೆ ಒಂದು ಪ್ರಶ್ನೆ: ಆ ಕಪಾಟಿನ ಹತ್ತಿರ ಇನ್ವರ್ಟರ್ ಬ್ಯಾಟರಿ ಉಂಟಾ? ಚಾರ್ಜ್ ಆಗುವಾಗ ಅದರಿಂದ ಗಂಧಕಾಮ್ಲದ ಆವಿ ಬರುತ್ತದೆ. ಬೆಳ್ತಂಗಡಿ, ಸುಳ್ಯದ ಕಡೆಯವರಾದರೆ ರಬ್ಬರ್ ಶೀಟ್ ಮಾಡುವ ಕೋಣೆಯಿಂದಲೂ ದೂರ ಇಡಿ. ರಬ್ಬರ್ ಹಾಲು ಹೆಪ್ಪುಗಟ್ಟಿಸಲು ಬಳಸುವ ಫಾರ್ಮಿಕ್ ಆಮ್ಲ ಗಟ್ಟಿ ಇದ್ದರೆ ನೈಲಾನನ್ನು ಕರಗಿಸಿಯೇ ಬಿಡುತ್ತದೆ.

ನಿಮ್ಮ ಪಟ್ಟಿಯಲ್ಲಿ ಕಣ್ಣಿಗೆ ಹೊಡೆಯುವುದು ಬೂಷ್ಟು, ಜೀವಕ್ಕೆ ಕುತ್ತು ತರುವುದು ಪಿನ್ ಮತ್ತು ರಬ್ಬರ್. ಬೂಷ್ಟು ನೈಲಾನನ್ನು ತಿನ್ನುವುದಿಲ್ಲ. ಅದಕ್ಕೆ ಆಹಾರ ಬೆವರು, ಹುಲ್ಲಿನ ರಸ, ಮಣ್ಣು. ಮೊದಲು ಪಿನ್ ನೋಡಿ.

ಸುರತ್ಕಲ್_ಗಾಳಿ:

ಇನ್ವರ್ಟರ್ ಇರುವುದು ಮೆಟ್ಟಿಲ ಕೆಳಗೆ, ಕಪಾಟು ಮಹಡಿಯಲ್ಲಿ. ಪಿನ್ ಎಷ್ಟು ಬಿಗಿ ಅಂತ ಕೈಯಂದಾಜಿನಲ್ಲಿ ಹೇಳ್ಲಿಕ್ಕೆ ಆಗುವುದಿಲ್ಲ.

ಮಲ್ಪೆ_ಮಡಿಕೆ:

ಕೈಯಂದಾಜು ಬೇಡ, ಮೀನು ತೂಗುವ ಕೊಕ್ಕೆ ತಕ್ಕಡಿ ತನ್ನಿ, 10 ಕೆಜಿಯದ್ದು ಸಾಕು. ರಿಗ್ ಪೂರ್ತಿ ಪ್ಯಾಕ್ ಆಗಿರಲಿ. ಪಿನ್ನಿನಿಂದ ಒಂದು ಗೇಣು ದೂರದಲ್ಲಿ ಬ್ರೈಡಲ್‌ಗೆ (ಪೈಲಟ್ ಚ್ಯೂಟನ್ನು ಪಿನ್ ಮತ್ತು ಕ್ಯಾನಪಿಗೆ ಕೂಡಿಸುವ ಪಟ್ಟಿ) ಕೊಕ್ಕೆ ಹಾಕಿ, ಹಾರಾಟದಲ್ಲಿ ಬ್ರೈಡಲ್ ಎಳೆಯುವ ದಿಕ್ಕಿನಲ್ಲೇ ನಿಧಾನ ಎಳೆಯಿರಿ. ಪಿನ್ ಜಾರುವ ಕ್ಷಣದ ಗರಿಷ್ಠ ಅಂಕಿ ಬರೆದುಕೊಳ್ಳಿ. ಎರಡೂ ಪಿನ್‌ಗೆ ಬೇರೆ ಬೇರೆ, ಐದೈದು ಸಲ. ಒಂದು ರಾತ್ರಿ ಬಿಟ್ಟು ಮತ್ತೊಮ್ಮೆ, ಯಾಕೆಂದರೆ ಬಟ್ಟೆ ಕೂತ ಮೇಲೆ ಲೂಪಿನ ಬಿಗಿ ಬದಲಾಗುತ್ತದೆ.

ಈಗ ಹೋಲಿಕೆ ಯಾವುದಕ್ಕೆ? ಪೈಲಟ್ ಚ್ಯೂಟಿನ ಎಳೆತಕ್ಕೆ. 46 ಇಂಚು ಅಂದರೆ ಸುಮಾರು 1.07 ಚದರ ಮೀಟರ್. ಸೇತುವೆ ಬಿಟ್ಟು ಒಂದು ಸೆಕೆಂಡಿಗೆ ವೇಗ ಹತ್ತಿರ ಹತ್ತಿರ 9.8 ಮೀಟರ್. ಎಳೆತದ ಗುಣಾಂಕ 0.75 ಹಿಡಿದರೆ ಬರುವುದು 46 ನ್ಯೂಟನ್, ಅಂದರೆ 4.7 ಕೆಜಿ ಭಾರದಷ್ಟು. ಅದೂ ಪೈಲಟ್ ಚ್ಯೂಟ್ ಪೂರ್ತಿ ತುಂಬಿದ್ದರೆ ಮಾತ್ರ. ಎರಡನೇ ಸೆಕೆಂಡಿಗೆ ವೇಗ ಇಮ್ಮಡಿ, ಎಳೆತ ನಾಲ್ಕು ಪಟ್ಟು, 18 ಕೆಜಿ ದಾಟುತ್ತದೆ. ಅದೇ 36 ಇಂಚಿನದ್ದನ್ನು ಒಂದು ಸೆಕೆಂಡಿಗೆ ಎಸೆದರೆ ಮೂರು ಕೆಜಿಯೂ ಸಿಗುವುದಿಲ್ಲ. ಎತ್ತರದ ಬಂಡೆಗೆ ಸಣ್ಣದು, ತಗ್ಗಿನ ಸೇತುವೆಗೆ ದೊಡ್ಡದು ಅನ್ನುವುದು ಇದೇ ಲೆಕ್ಕದಿಂದ.

ಹಾಗಾಗಿ ನಾನು ಒಪ್ಪುವುದು ಮೂರು ಪಟ್ಟು ಅಂತರ ಉಳಿದರೆ ಮಾತ್ರ: ಪಿನ್ ಒಂದೂವರೆ ಕೆಜಿ ಒಳಗೆ ಬರಬೇಕು. ತಯಾರಕರ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ. ಸ್ಕೈಡೈವಿಂಗ್ ರಿಗ್ಗಿನ ಅಂಕಿ ಇಲ್ಲಿ ಹೊಂದಿಸಬೇಡಿ. ಅಲ್ಲಿ ಎಳೆಯುವ ಹೊತ್ತಿಗೆ ವೇಗ ಸೆಕೆಂಡಿಗೆ 50 ಮೀಟರ್ ದಾಟಿರುತ್ತದೆ, ಬೆನ್ನಿಗೆ ಇನ್ನೊಂದು ಪ್ಯಾರಾಚ್ಯೂಟೂ ಇರುತ್ತದೆ. ಪೆರಿನ್ 486 ಅಡಿ, ಏನೂ ತೆರೆಯದಿದ್ದರೆ ನೀರಿಗೆ ಐದೂವರೆ ಸೆಕೆಂಡ್.

ಸುರತ್ಕಲ್_ಗಾಳಿ:

ಅಳೆದೆ. ಮೇಲಿನ ಪಿನ್ 3.6, 3.8, 3.5, 3.9, 3.8. ಕೆಳಗಿನದ್ದು 2.1ರ ಆಸುಪಾಸು.

ತೀರದ_ಹೊಲಿಗೆ:

ಹಿಡಿದು ಬಿಡುವುದು ಅಂದರೆ ಘರ್ಷಣೆ, ಬರೀ ಲೂಪಿನ ಬಿಗಿ ಅಲ್ಲ. ಬಿಗಿ ಮಾತ್ರ ಹೆಚ್ಚಿದ್ದರೆ ಶುರುವಿಂದ ಕೊನೆವರೆಗೆ ಒಂದೇ ಸಮ ಗಟ್ಟಿ ಬರುತ್ತಿತ್ತು.

ಕ್ಲೋಸಿಂಗ್ ಲೂಪ್ ಎರಡನ್ನೂ ಕತ್ತರಿಸಿ ಎಸೆಯಿರಿ. ಹಸಿರು ಕಿಲುಬು ತಾಗಿದ ಲೂಪ್ ಒರಟಾಗಿರುತ್ತದೆ, ಅದನ್ನು ಉಳಿಸಿ ಸಾಧಿಸುವುದು ಎಂತದ್ದೂ ಇಲ್ಲ. ಹೊಸದು ಹಳೆಯದರಷ್ಟೇ ಉದ್ದ ಇರಲಿ. ಪಿನ್ನನ್ನು ಉಗುರಿನಿಂದ ಉದ್ದಕ್ಕೆ ಗೀರಿ ನೋಡಿ, ಉಗುರು ಎಲ್ಲಿಯಾದರೂ ತಡೆದರೆ ಪಿನ್ ಬದಲಿ. ಅರ ಹಾಕಿ ಉಜ್ಜಿದರೆ ಕಣ್ಣಿಗೆ ಕಾಣದ ಹೊಸ ಗೀರುಗಳು ಬಂದು ಇನ್ನೂ ಹಿಡಿಯುತ್ತದೆ.

ಗ್ರೋಮೆಟ್‌ಗೆ ಒಣ ಹಲ್ಲುಜ್ಜುವ ಬ್ರಷ್, ಮೇಲೆ ಒದ್ದೆ ಬಟ್ಟೆ, ಮತ್ತೆ ಒಣ ಬಟ್ಟೆ. ದೇವರ ದೀಪಕ್ಕೆ ಮಾಡಿದ ಹಾಗೆ ಹುಣಸೆಹುಳಿ ಹಚ್ಚಲು ಹೋಗಬೇಡಿ, ಅದೂ ಆಮ್ಲವೇ, ಸುತ್ತಲಿನ ಬಟ್ಟೆಗೆ ಇಳಿಯುತ್ತದೆ. ಆಮೇಲೆ ಒಂದು ಚೂರು ಹತ್ತಿ ತೆಗೆದು ಒಳ ಅಂಚಿನ ಸುತ್ತ ತಿರುಗಿಸಿ. ಎಳೆ ಸಿಕ್ಕಿಹಾಕಿಕೊಂಡ ಜಾಗದಲ್ಲಿ ಚೂಪು ಉಂಟು ಅಂತ ಅರ್ಥ, ಆ ಗ್ರೋಮೆಟ್ ಬದಲಿಸಲೇಬೇಕು.

ಲಿಂಕ್‌ಗಳ ಮೇಲಿನ ಬಿಳಿ ಹುಡಿ ಲೇಪನ ಸವೆದದ್ದು. ಸ್ಯಾಂಡ್‌ಪೇಪರ್ ಬೇಡವೇ ಬೇಡ. ಹಳೆಯ ಯಂತ್ರಾಂಶದಲ್ಲಿ ಕ್ಯಾಡ್ಮಿಯಂ ಲೇಪನ ಇರಬಹುದು, ಅದರ ಹುಡಿ ಉಸಿರಿಗೆ ಹೋದರೆ ವಿಷ. ಅದೇ ಅಳತೆಯ ಸ್ಟೇನ್‌ಲೆಸ್ ಲಿಂಕ್ ಹಾಕಿಬಿಡಿ.

ಮಲ್ಪೆ_ಮಡಿಕೆ:

ರಬ್ಬರ್ ವಿಷಯ ಯಾರೂ ಮುಟ್ಟಲಿಲ್ಲ. ಅಂಟಿಕೊಂಡ ಬ್ಯಾಂಡ್‌ಗಳಲ್ಲಿ ಟೇಲ್‌ಗೇಟಿನದ್ದೂ ಉಂಟಾ? ಸ್ಲೈಡರ್ (ಕ್ಯಾನಪಿ ತೆರೆಯುವುದನ್ನು ನಿಧಾನ ಮಾಡುವ ಬಟ್ಟೆ) ಇಲ್ಲದ ಪ್ಯಾಕಿಂಗ್‌ನಲ್ಲಿ ಬ್ರೇಕ್ ಲೈನ್‌ಗಳ ಮೇಲ್ತುದಿಯನ್ನು ಒಟ್ಟಿಗೆ ಹಿಡಿಯುವುದು ಅದೇ. ಬೇಗ ಬಿಟ್ಟರೆ ಲೈನ್ ಕ್ಯಾನಪಿಯ ಮೇಲೆ ಹೋಗಿ ಬೀಳಬಹುದು, ಬಿಡದೇ ಇದ್ದರೆ ಹಿಂಬದಿ ಅಂಚು ಅರಳುವುದಿಲ್ಲ. ಬೆವರುವ ಸೆಕೆಗೆ ಲ್ಯಾಟೆಕ್ಸ್ ಮೆತ್ತಗಾಗಿ ಬೆಲ್ಲದ ಪಾಕದ ಹಾಗೆ ಆಗುತ್ತದೆ. ಎಲ್ಲ ಬ್ಯಾಂಡ್ ಹೊಸದು ಹಾಕಿ, ಲೈನಿಗೆ ಮೆತ್ತಿದ ಅಂಟನ್ನು ಬೆರಳಲ್ಲಿ ಉರುಟಿ ತೆಗೆಯಿರಿ. ಪೆಟ್ರೋಲ್, ಥಿನ್ನರ್ ಮುಟ್ಟಿಸಬೇಡಿ. ತಿಂಡಿ ಪೊಟ್ಟಣದ ರಬ್ಬರ್ ಬ್ಯಾಂಡೂ ಆಗುವುದಿಲ್ಲ, ಅದು ಎಷ್ಟಕ್ಕೆ ಹರಿಯುತ್ತದೆ ಅಂತ ಲೆಕ್ಕವೇ ಇಲ್ಲ.

ಹೊಸಬ_ಕಾಪು:

ನಡುವೆ ಕೇಳಿದ್ದಕ್ಕೆ ಕ್ಷಮಿಸಿ. ಇಷ್ಟೆಲ್ಲ ಇಟ್ಟುಕೊಂಡು ಅಮೆರಿಕಕ್ಕೇ ಹೋಗಬೇಕಾ? ನಮ್ಮ ಕಾಪು ದೀಪಸ್ತಂಭ, ಇಲ್ಲದಿದ್ದರೆ ಗಡಾಯಿಕಲ್ಲು?

ತೀರದ_ಹೊಲಿಗೆ:

ಕಾಪು ದೀಪಸ್ತಂಭ 27 ಮೀಟರ್. ಮೇಲಿಂದ ಬಿದ್ದರೆ 2.3 ಸೆಕೆಂಡಿಗೆ ಕೆಳಗಿನ ಬಂಡೆ. ಲೆಕ್ಕ ಅಲ್ಲಿಗೆ ಮುಗಿಯಿತು. ಗಡಾಯಿಕಲ್ಲು ಎತ್ತರ ಉಂಟು, ಆದರೆ ಅದು ನೆಟ್ಟಗಿನ ಗೋಡೆ ಅಲ್ಲ, ಹೊಟ್ಟೆ ಉಬ್ಬಿದ ಬಂಡೆ. ಕ್ಯಾನಪಿ ಮುಖ ತಿರುಗಿ ತೆರೆದರೆ ನೇರ ಕಲ್ಲಿಗೇ. ಅದಲ್ಲದೆ ಅರಣ್ಯ ಇಲಾಖೆಯ ಜಾಗ, ಹತ್ತಲಿಕ್ಕೇ ಅನುಮತಿ ಬೇಕು. ಒಬ್ಬರು ಕದ್ದು ಹಾರಿದರೆ ಚಾರಣದವರಿಗೂ ಬಾಗಿಲು ಮುಚ್ಚುತ್ತದೆ. ಪೆರಿನ್‌ಗೆ ಜನ ಹೋಗುವುದು ವರ್ಷವಿಡೀ ಅನುಮತಿ ಪತ್ರ ಇಲ್ಲದೆ ಹಾರಬಹುದು, ಕೆಳಗೆ ನೀರು ಉಂಟು ಅಂತ. ಬೇಸ್ ತರಬೇತಿಗೆ ಮೊದಲು ವಿಮಾನದಿಂದ 200 ಸಲವಾದರೂ ಹಾರಿರಬೇಕು ಅನ್ನುವುದು ಸಾಮಾನ್ಯ ಮಾತು. ಕ್ಯಾನಪಿಯನ್ನು ಬೇಕಾದ ಜಾಗಕ್ಕೆ ಇಳಿಸುವುದು ಅಲ್ಲಿ ಕಲಿಯಬೇಕಾದ ವಿದ್ಯೆ, ಸೇತುವೆ ಅಂಚಿನಲ್ಲಿ ಅಲ್ಲ. ಹೆಚ್ಚಿಗೆ ಕೇಳುವುದಿದ್ದರೆ ಬೇರೆ ಚರ್ಚೆ ತೆರೆಯಿರಿ.

ಸುರತ್ಕಲ್_ಗಾಳಿ:

ಹೌದು, ಟೇಲ್‌ಗೇಟಿನದ್ದೂ ಅಂಟಿತ್ತು. ಎಲ್ಲ ಬದಲಿಸುತ್ತೇನೆ. ಈಗ ಬಟ್ಟೆ ತೊಳೆಯುವುದಾ ಬೇಡವಾ?

ಉಪ್ಪುನೀರು_ಉಡುಪಿ:

ಎಫ್-111ನ್ನು ತೊಳೆದಷ್ಟೂ ಗಾಳಿ ಸೋರುವುದು ಹೆಚ್ಚು. ಇಳಿಯುವಾಗ ಟಾಗಲ್ (ಬ್ರೇಕ್ ಲೈನಿನ ಹಿಡಿ) ಎಳೆದರೂ ಕ್ಯಾನಪಿ ಎತ್ತಿಕೊಡುವುದಿಲ್ಲ, ದಪ್ಪಂತ ಕೂರಿಸುತ್ತದೆ. ಹಾಗಾಗಿ ಬರೀ ಚುಕ್ಕೆಗೋಸ್ಕರ ಇಡೀ ಕ್ಯಾನಪಿ ತೊಳೆಯಬಾರದು. ಆದರೆ ಉಪ್ಪು ಇದ್ದರೆ ತೊಳೆಯಲೇಬೇಕು. ಉಪ್ಪಿನ ಹರಳು ನೇಯ್ಗೆಯೊಳಗೆ ಗಾಜಿನ ಹುಡಿಯ ಹಾಗೆ ಕೊಯ್ಯುತ್ತದೆ, ಗಾಳಿಯ ತೇವವನ್ನೂ ಎಳೆದು ಇಟ್ಟುಕೊಳ್ಳುತ್ತದೆ, ಲೈನನ್ನು ಒರಟು ಮಾಡಿ ಗಂಟು ನಿಲ್ಲಿಸುತ್ತದೆ.

ಪರೀಕ್ಷೆ ಹೀಗೆ: ಒಂದು ಬೊಗಸೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಲೈನಿನ ಕೆಳಗಿನ ಒಂದಡಿಯನ್ನು ಹತ್ತು ನಿಮಿಷ ಅದ್ದಿ, ಆ ನೀರಿನ ಒಂದು ಹನಿಯನ್ನು ಕಪ್ಪು ಗಾಜಿನ ಮೇಲೆ ಒಣಗಿಸಿ. ಬಿಳಿ ಉಂಗುರ ಉಳಿದರೆ ಉಪ್ಪು. ಉಳಿಯದಿದ್ದರೆ ಚುಕ್ಕೆ ಇರುವ ಜಾಗವನ್ನು ಮಾತ್ರ, ಉಗುರು ಬೆಚ್ಚಗಿನ ನೀರಿಗೆ ನಾಲ್ಕು ಹನಿ ಸೌಮ್ಯ ಸೋಪು ಹಾಕಿ, ಸ್ಪಂಜಿನಿಂದ ಒತ್ತಿ ತೆಗೆಯಿರಿ. ಉಜ್ಜಬೇಡಿ. ಕಲೆ ಉಳಿದರೆ ಉಳಿಯಲಿ.

ಉಂಗುರ ಬಂದರೆ, ಮೊದಲು ರೈಸರ್ ಬಿಚ್ಚಬೇಕು, ಇಲ್ಲದಿದ್ದರೆ ಲಿಂಕಿನ ಕಿಲುಬು ಎಲ್ಲ ಕಡೆ ಹರಡುತ್ತದೆ. ಬಿಚ್ಚುವ ಮೊದಲು ಪ್ರತಿ ಲೈನ್ ಗುಂಪಿನ ಕುಣಿಕೆಗಳೊಳಗೆ ಒಂದು ದಾರ ಪೋಣಿಸಿ ಕಟ್ಟಿ, ಕ್ರಮ ತಪ್ಪಿದರೆ ಆಮೇಲೆ ದೇವರೇ ಗತಿ. ನೂರು ಲೀಟರಿನ ಡ್ರಮ್ಮಿನಲ್ಲಿ ಅದ್ದಿ, ಮೆಲ್ಲ ಒತ್ತಿ, ನೀರು ಬದಲಿಸಿ, ಮೂರು ಸಲ. ಎತ್ತುವಾಗ ಬೆಡ್‌ಶೀಟಿನಲ್ಲಿ ಸುತ್ತಿ ಇಬ್ಬರು ಎತ್ತಿ, ನೀರು ಕುಡಿದ ಕ್ಯಾನಪಿಯನ್ನು ಲೈನ್ ಹಿಡಿದು ಎತ್ತಿದರೆ ಹೊಲಿಗೆ ಬಿಡುತ್ತದೆ. ಕಡಲ ಬದಿಯ ಬಾವಿ ನೀರು ಬಳಸಬೇಡಿ, ಬೇಸಿಗೆಗೆ ಅದೇ ಉಪ್ಪಾಗಿರುತ್ತದೆ.

ಒಣಗಿಸುವುದು ಮನೆಯೊಳಗೆ, ಮೂರು ನಾಲ್ಕು ಪ್ಲಾಸ್ಟಿಕ್ ಹಗ್ಗದ ಮೇಲೆ ಹರಡಿ, ಫ್ಯಾನ್ ಕೆಳಗೆ. ಕಿಟಕಿ ತೆರೆಯುವುದಾದರೆ ಬೆಳಿಗ್ಗೆ, ಘಟ್ಟದ ಕಡೆಯ ಗಾಳಿ ಬರುವಾಗ. ಹನ್ನೊಂದರ ಮೇಲೆ ಕಡಲ ಗಾಳಿ ಎದ್ದರೆ ಮುಚ್ಚಿಬಿಡಿ, ತೊಳೆದ ಉಪ್ಪನ್ನು ಅದೇ ವಾಪಸು ತರುತ್ತದೆ. ಕೊನೆಗೆ ಒಣಗುವುದು ಹೊಲಿಗೆಯ ಟೇಪುಗಳು, ಕೈಯಿಟ್ಟು ನೋಡಿ.

ಸುರತ್ಕಲ್_ಗಾಳಿ:

ಉಂಗುರ ತೆಳ್ಳಗೆ ಬಂತು. ತೊಳೆದು ಒಣಗಿಸಿದೆ, ಎರಡು ದಿನ ಹಿಡಿಯಿತು. ಹೊಸ ಲೂಪ್, ಹೊಸ ಪಿನ್ ಹಾಕಿ ಅಳೆದರೆ ಮೇಲಿನದು 1.3, ಕೆಳಗಿನದು 1.1. ರಾತ್ರಿ ಬಿಟ್ಟ ಮೇಲೆ 1.2 ಮತ್ತು 1.0. ಮುಂದಿನ ಮಳೆಗಾಲಕ್ಕೆ ಸಿಲಿಕಾ ಜೆಲ್ ಪೊಟ್ಟಣ ಹಾಕಿದರೆ ಸಾಕಾ?

ಮಲ್ಪೆ_ಮಡಿಕೆ:

ಶೂ ಡಬ್ಬದಲ್ಲಿ ಬರುವ ಪೊಟ್ಟಣ ಲೆಕ್ಕಕ್ಕೇ ಇಲ್ಲ. ಮೂರು ಕೆಜಿ ನೈಲಾನ್, ನಮ್ಮ ಜುಲೈನ ತೇವದಿಂದ 50 ಶೇಕಡಾ ತೇವಕ್ಕೆ ಇಳಿಯಬೇಕಾದರೆ ತೂಕದ ಸುಮಾರು 3 ಶೇಕಡಾ ನೀರು ಬಿಡಬೇಕು, ಅಂದರೆ 90 ಗ್ರಾಂ. ಜೆಲ್ ಆ ಮಟ್ಟದಲ್ಲಿ ತನ್ನ ತೂಕದ ಕಾಲು ಭಾಗ ನೀರು ಹಿಡಿಯುತ್ತದೆ ಅಂತ ಇಟ್ಟುಕೊಂಡರೂ 360 ಗ್ರಾಂ ಬೇಕು. ಅರ್ಧ ಕೆಜಿ ಹಾಕಿ, ರಬ್ಬರ್ ಅಂಚಿನ ಪ್ಲಾಸ್ಟಿಕ್ ಡಬ್ಬ, ಒಳಗೊಂದು ತೇವಮಾಪಕ. 60 ದಾಟಿದರೆ ಜೆಲ್ ತೆಗೆದು ಓವನ್‌ನಲ್ಲಿ 120 ಡಿಗ್ರಿಗೆ ಮೂರು ಗಂಟೆ. ಕ್ಯಾನಪಿ ಪ್ಯಾಕ್ ಮಾಡದೆ ಸಡಿಲ ಇಡಿ, ಬ್ಯಾಂಡ್‌ಗಳನ್ನು ಬಿಚ್ಚಿ ಬೇರೆ ಇಡಿ. ನುಸಿಗುಳಿಗೆ ಹಾಕಬೇಡಿ.

ತೀರದ_ಹೊಲಿಗೆ:

ಅಂಕಿ ಚೆನ್ನಾಗಿದೆ, ಆದರೆ ಅದರಿಂದ ಬಟ್ಟೆಯ ಬಲ ಗೊತ್ತಾಗುವುದಿಲ್ಲ. ಹೊರಡುವ ಮೊದಲು ಕ್ಯಾನಪಿಯನ್ನು ರಿಗ್ಗರ್ ಅಥವಾ ತಯಾರಕರಿಗೆ ಕಳಿಸಿ. ಚುಕ್ಕೆ ಇದ್ದ ಹಿಂಬದಿ ಅಂಚು, ಬ್ರೈಡಲ್ ಕೂಡುವ ಜಾಗ, ಲೈನ್ ಕೂಡುವ ಟೇಪುಗಳು, ಈ ಮೂರನ್ನು ಹೆಸರಿಸಿ ಬರೆಯಿರಿ. ಎಲ್ಲಿಯಾದರೂ ಹೊಲಿಗೆ ಬಿಟ್ಟಿದ್ದು ಕಂಡರೆ ಪೇಟೆಯ ಛತ್ರಿ ರಿಪೇರಿಯವರಲ್ಲಿ ಕೊಡಬೇಡಿ. ಅವರ ಕೈ ಎಷ್ಟೇ ಚಂದ ಇರಲಿ, ನೂಲು ಬೇರೆ. ರೈಸರ್ ವಾಪಸು ಹಾಕುವಾಗ ಎಡ-ಬಲದ ಜೋಡಿ ಲೈನ್‌ಗಳನ್ನು ಒಂದೇ ಬಿಗಿಯಲ್ಲಿ ಹಿಡಿದು ಉದ್ದ ನೋಡಿ, ಬ್ರೇಕ್ ಲೈನ್‌ಗಳನ್ನು ಎರಡು ಸಲ. ಲಿಂಕಿನ ನಟ್ಟು ಕೈಯಲ್ಲಿ ಬಿಗಿದ ಮೇಲೆ ಸ್ಪ್ಯಾನರ್‌ನಲ್ಲಿ ಕಾಲು ಸುತ್ತು, ಅದಕ್ಕಿಂತ ಹೆಚ್ಚು ಬೇಡ.