ಅರಿಶಿನ ಕಾಗದ ಕೆಂಪಾಗ್ತಾನೇ ಇಲ್ಲ, ಮೂರು ಸಲ ಮಾಡಿದ್ದಾಯ್ತು

ಗುಬ್ಬಿಗೂಡು:
ಶನಿವಾರ 30 ಮಕ್ಕಳಿಗೆ ಅರಿಶಿನ ಕಾರ್ಡ್ ಮಾಡಿಸಬೇಕು. ಏಳನೇ ತರಗತಿ ಪಾಠದಲ್ಲಿ ಬರೋದೇ. ಹಾಳೆಗೆ ಅರಿಶಿನ ಬಳಿದು ಒಣಗಿಸಿ, ಇಯರ್‌ಬಡ್ಡನ್ನ ಸೋಪು ನೀರಲ್ಲಿ ಅದ್ದಿ ಹೂವು ಬರೆದರೆ ಕೆಂಪಾಗಿ ಮೂಡಬೇಕು. ನನ್ನದು ಮೂಡ್ತಿಲ್ಲ. ಒದ್ದೆ ಗುರುತು ಕಾಣುತ್ತೆ, ಒಣಗಿದ ಮೇಲೆ ಮತ್ತೆ ಅದೇ ಹಳದಿ. ಅಡುಗೆ ಸೋಡಾಗೂ ಒಂಚೂರು ಮಾಸಲು ಕಿತ್ತಳೆ ಬಂತು, ಅಷ್ಟೆ. ಎಲ್ಲಾ ಸರಿಯಾಗೇ ಮಾಡಿದೀನಿ. ತಲೆ ಕೆಟ್ಟು ಹೋಗಿದೆ.

ಲಿಟ್ಮಸ್_ಭಟ್ಟ:
ಅರಿಶಿನ ಕಲಬೆರಕೆ. ಮೆಟಾನಿಲ್ ಯೆಲ್ಲೋ ಬೆರೆಸಿರ್ತಾರೆ, ಆ ಬಣ್ಣ ಪ್ರತ್ಯಾಮ್ಲಕ್ಕೆ, ಅಂದರೆ ಸೋಪು, ಸೋಡಾ, ಸುಣ್ಣದಂಥದ್ದಕ್ಕೆ, ಜಗ್ಗಲ್ಲ. ಪುಡಿ ಬಿಸಾಕಿ, ಕೊಂಬು ತಂದು ಕುಟ್ಟಿ.

ಅಡುಗೆಮನೆ_ಲ್ಯಾಬ್:
ಯಾವ ಕಾಗದ? ಅರಿಶಿನ ಎಷ್ಟು, ಯಾವುದರಲ್ಲಿ ಕಲಸಿದ್ರಿ? ಯಾವ ಸೋಪು?

ಗುಬ್ಬಿಗೂಡು:
ಕಾಗದ ಮಾಮೂಲಿ ಎ4. ಅರಿಶಿನ ಮಾಮೂಲಿ ಅಡುಗೆಗೆ ಹಾಕೋದು. ಸೋಪೂ ಮಾಮೂಲಿ. ನೀರಲ್ಲಿ ಕಲಸಿದ್ದು.

ಹುಬ್ಬಳ್ಳಿ_ಮಾಸ್ತರ:
ನಿಮ್ಮ ಮನ್ಯಾಗಿನ ಮಾಮೂಲಿ ನಮಗ ಹೆಂಗ ಗೊತ್ತಾಗಬೇಕ್ರಿ? ಎ4 ಹಾಳಿಗೆ ನೀರು ಇಂಗಂಗಿಲ್ಲ, ನೀರು ತಡಿಯೋ ಲೇಪ ಇರ್ತದ. ಒಳಗ ಸುಣ್ಣದಕಲ್ಲಿನ ಪುಡಿನೂ ತುಂಬಿರ್ತಾರ. ಬ್ಲಾಟಿಂಗ್ ಪೇಪರ್ ತಗೋರಿ. ಸಿಗದಿದ್ರ ಹಳೇ ಹತ್ತಿ ಪಂಚಿ ತುಂಡು ಸಾಕು.

ಲಿಟ್ಮಸ್_ಭಟ್ಟ:
ಕಾಗದ ಯಾವುದಾದರೇನು, ಬಣ್ಣವೇ ಸುಳ್ಳಾದರೆ? ಟಾಯ್ಲೆಟ್ ತೊಳೆಯೋ ಆಸಿಡ್ ಎರಡು ಹನಿ ಹಾಕಿ ನೋಡಿ, ಗುಲಾಬಿ ಆದರೆ ಕಲಬೆರಕೆ.

ಅಡುಗೆಮನೆ_ಲ್ಯಾಬ್:
ಅರ್ಧ ಪರೀಕ್ಷೆ ಹೇಳಿ ಹೆದರಿಸಬೇಡಿ ಭಟ್ರೇ. ಗಟ್ಟಿ ಆಸಿಡ್‌ಗೆ ಶುದ್ಧ ಅರಿಶಿನವೂ ಕೆಂಪಗಾಗುತ್ತೆ. ನೀರು ಬೆರೆಸಿದ ಮೇಲೂ ಆ ಬಣ್ಣ ಹೋಗದಿದ್ದರೆ ಮಾತ್ರ ಮೆಟಾನಿಲ್. ಅದೂ ಮಕ್ಕಳ ಕಾರ್ಯಕ್ರಮದ ಸಾಮಾನಿನ ಪಕ್ಕ ಆಸಿಡ್ ಬಾಟ್ಲಿ ಯಾಕೆ? ಕಲಬೆರಕೆ ಪುಡಿಯಲ್ಲೂ ಬಹುಪಾಲು ಅರಿಶಿನವೇ ಇರುತ್ತೆ, ಆ ಪಾಲಾದರೂ ಕೆಂಪಾಗಲೇಬೇಕು.

ಕಡಲತಡಿ:
ಇಷ್ಟೆಲ್ಲ ಯಾಕೆ ಮಾರಾಯ್ರೆ? ಎಲೆಯಡಿಕೆ ಸುಣ್ಣ ಕಡ್ಡಿ ತುದಿಯಲ್ಲಿ ತಾಗಿಸಿ. ಆ ಕ್ಷಣಕ್ಕೆ ಕೆಂಪಾದರೆ ಅರಿಶಿನದ್ದು ತಪ್ಪಿಲ್ಲ. ಆರತಿಗೆ ಕುರ್ದಿ ನೀರು ಮಾಡುವುದು ಹಾಗೇ ಅಲ್ವಾ?

ಹುಬ್ಬಳ್ಳಿ_ಮಾಸ್ತರ:
ಅದು ಓಕಳಿ ನೀರು.

ಕಡಲತಡಿ:
ನಿಮ್ಮಲ್ಲಿ ಓಕಳಿ, ನಮ್ಮಲ್ಲಿ ಕುರ್ದಿ. ಸುಣ್ಣ ಎರಡಕ್ಕೂ ಒಂದೇ.

ಹುಬ್ಬಳ್ಳಿ_ಮಾಸ್ತರ:
ಓಕಳಿ ಅಂದ್ರ ಬಣ್ಣದ ನೀರು. ನಿಮ್ಮ ಕುರ್ದಿ ಅಂದ್ರ ಏನಂತ ಮೊದಲು ಹೇಳ್ರಿ.

ಗುಬ್ಬಿಗೂಡು:
ಸುಣ್ಣ ತಾಗಿಸಿದೆ. ಕಣ್ಣೆದುರೇ ಕಡು ಕೆಂಪು! ಹಾಗಾದರೆ ಸೋಪಿಗೆ ಯಾಕೆ ಆಗ್ತಿಲ್ಲ? ಬೋರ್‌ವೆಲ್ ನೀರಿಂದ ಇರಬಹುದಾ?

ಲಿಟ್ಮಸ್_ಭಟ್ಟ:
ಸುಣ್ಣ ತೀರಾ ಜೋರು, ಪಿಎಚ್ (7 ಅಂದರೆ ತಟಸ್ಥ, ಕೆಳಗೆ ಆಮ್ಲ, ಮೇಲೆ ಪ್ರತ್ಯಾಮ್ಲ) 12 ದಾಟುತ್ತೆ. ಅದಕ್ಕೆ ಕಲಬೆರಕೆಯೂ ಸೋತಿರಬಹುದು.

ಅಡುಗೆಮನೆ_ಲ್ಯಾಬ್:
ಮೆಟಾನಿಲ್ ಬಣ್ಣ ಬದಲಿಸೋದು ಪಿಎಚ್ 1–2ರ ಸುತ್ತ, ಸುಣ್ಣಕ್ಕೆ ಅದು ಹಳದಿಯಾಗೇ ಉಳಿಯುತ್ತೆ. ಬೋರ್ ನೀರಿನ ಮೇಲೂ ಅನುಮಾನ ಬೇಡ. ಗಡಸು ನೀರಲ್ಲಿ ಸೋಪು ಬಿಳಿ ಗಸಿಯಾಗುತ್ತೆ, ಆದರೆ ಆ ನೀರೇ ಸಾಮಾನ್ಯವಾಗಿ ಕೊಂಚ ಪ್ರತ್ಯಾಮ್ಲ. ಸೋಪಿನ ಫೋಟೋ ಹಾಕಿ.

ಗುಬ್ಬಿಗೂಡು:
ಹಾಕಿದೀನಿ. ಪಂಪ್ ಬಾಟಲಿ, ಕೈ ತೊಳೆಯೋ ಲಿಕ್ವಿಡ್. ಅದೂ ಸೋಪೇ ಅಲ್ವಾ?

ಅಡುಗೆಮನೆ_ಲ್ಯಾಬ್:
ಅಲ್ಲ! ಇಷ್ಟು ಹೊತ್ತು ಇದನ್ನೇ ಹುಡುಕ್ತಿದ್ದದ್ದು. ಎಣ್ಣೆ ಮತ್ತು ಕಾಸ್ಟಿಕ್ ಸೋಡಾದಿಂದ ಆದ ಸೋಪಿನ ನೀರು ಪಿಎಚ್ 9–10 ಇರುತ್ತೆ. ಪಂಪ್ ಬಾಟಲಿಯಲ್ಲಿರೋದು ಸಾಮಾನ್ಯವಾಗಿ ಡಿಟರ್ಜೆಂಟ್, ಚರ್ಮಕ್ಕೆ ಹಿತವಾಗಲಿ ಅಂತ 5.5–7ಕ್ಕೆ ಇಳಿಸಿರ್ತಾರೆ. ಪಾತ್ರೆ ತೊಳೆಯೋ ಲಿಕ್ವಿಡ್ಡೂ ಹೆಚ್ಚುಕಡಿಮೆ ಹಾಗೇ. ಅರಿಶಿನ ತಿರುಗೋಕೆ ಶುರುವಾಗೋದೇ 8ರ ಆಸುಪಾಸಿನಲ್ಲಿ, ಢಾಳಾಗಿ ಕೆಂಪಾಗೋದು 9 ದಾಟಿದ ಮೇಲೆ. ಅಡುಗೆ ಸೋಡಾ ನೀರು ಸುಮಾರು 8.3, ಅದಕ್ಕೇ ನಿಮಗೆ ಆ ಮಾಸಲು ಕಿತ್ತಳೆ. ಕಾಗದ ಸರಿಯಾಗೇ ಹೇಳ್ತಿತ್ತು, ನಾವು ಕೇಳಿಸ್ಕೊಳ್ಳಲಿಲ್ಲ.

ಬಾರ್ ಸೋಪಿನ ರ್‍ಯಾಪರ್ ಓದಿ. ಸೋಡಿಯಂ ಪಾಮೇಟ್ (ತಾಳೆ ಎಣ್ಣೆಯಿಂದ ಆದ ಸೋಪು) ಅಂತ ಮೊದಲಿಗೇ ಇದ್ದರೆ ನಡೆಯುತ್ತೆ. ಚಮಚ ತುಂಬ ತುರಿದು ಕಾಲು ಲೋಟ ಬಿಸಿನೀರಲ್ಲಿ ಕರಗಿಸಿ.

ಇನ್ನೂ ಗಾಢ ಬೇಕಾದರೆ ಅಡುಗೆ ಸೋಡಾವನ್ನೇ ಹುರಿಯಿರಿ. ಕಬ್ಬಿಣದ ಅಥವಾ ಸ್ಟೀಲ್ ಬಾಣಲೆ, ಅಲ್ಯೂಮಿನಿಯಂ ಬೇಡ. 10 ಗ್ರಾಂ ಸೋಡಾ ಹರಡಿ, ಮಧ್ಯಮ ಉರಿಯಲ್ಲಿ 10–15 ನಿಮಿಷ ಕೈಯಾಡಿಸಿ. ಮೊದಲು ಪುಡಿ ನೀರಿನ ಹಾಗೆ ತುಳುಕುತ್ತೆ, ಅದು ಇಂಗಾಲದ ಡೈಆಕ್ಸೈಡ್ ಮತ್ತು ಹಬೆ ಹೊರಡ್ತಿರೋದು. ತುಳುಕು ನಿಂತಾಗ ತೂಗಿ. 6.3 ಗ್ರಾಂ ಹತ್ತಿರ ಬಂದಿದ್ದರೆ ಪೂರ್ತಿ ವಾಷಿಂಗ್ ಸೋಡಾ ಆಗಿದೆ. 8 ಇದ್ದರೆ ಇನ್ನೂ ಹುರಿಯಬೇಕು. ಚಹಾ ಚಮಚದಷ್ಟನ್ನ 100 ಮಿಲಿ ನೀರಿಗೆ ಹಾಕಿ. ಹುರಿಯೋದು ದೊಡ್ಡವರ ಕೆಲಸ, ಮಕ್ಕಳು ಆ ನೀರು ತಾಗಿದ ಕೈಯಲ್ಲಿ ಕಣ್ಣು ಉಜ್ಜಬಾರದು.

ಬಳಿಯೋಕೂ ನೀರು ಬಿಡಿ. ಅರಿಶಿನದ ಬಣ್ಣ, ಅಂದರೆ ಕರ್ಕ್ಯುಮಿನ್, ನೀರಲ್ಲಿ ಕರಗಲ್ಲ, ಪುಡಿ ಕಾಗದದ ಮೇಲೆ ಕೂತು ಒಣಗಿದಾಗ ಉದುರುತ್ತೆ. 5 ಚಹಾ ಚಮಚ ಪುಡಿಗೆ 150 ಮಿಲಿ ಸರ್ಜಿಕಲ್ ಸ್ಪಿರಿಟ್ ಹಾಕಿ ಕುಲುಕಿ, 10 ನಿಮಿಷ ಬಿಟ್ಟು ಮೇಲಿನ ತಿಳಿ ಮಾತ್ರ ಬಗ್ಗಿಸಿಕೊಳ್ಳಿ. ಎ4 ಹಾಳೆಯ ಕಾಲು ಭಾಗದಷ್ಟು ಕಾರ್ಡ್ 30ಕ್ಕೆ ಸಾಕು. ಸ್ಟವ್ ಆರಿಸಿ, ಕಿಟಕಿ ತೆಗೆದು ಬಳಿಯಿರಿ. ನೆರಳಲ್ಲೇ ಒಣಗಿಸಿ, ಬಿಸಿಲಿಗೆ ಈ ಹಳದಿ ಬೆಳ್ಳಗಾಗುತ್ತೆ.

ಕಡಲತಡಿ:
ಕೆಂಪಾದದ್ದೆಲ್ಲ ಪ್ರತ್ಯಾಮ್ಲ ಅಂತ ಮಕ್ಕಳಿಗೆ ಹೇಳಿಬಿಡಬೇಡಿ. ಕೇರಂ ಪೌಡರ್ ಬೋರಿಕ್ ಆಸಿಡ್. ಅದರ ದ್ರಾವಣಕ್ಕೆ ಸ್ವಲ್ಪ ಆಸಿಡ್ ಸೇರಿಸಿ ಅರಿಶಿನ ಕಾಗದಕ್ಕೆ ಹಚ್ಚಿ ಒಣಗಿಸಿದರೆ ಅದೂ ಕಂದುಗೆಂಪು. ಮೇಲೆ ಅಮೋನಿಯಾ ಹಾಕಿದರೆ ಹಸಿರುಗಪ್ಪು.

ಹುಬ್ಬಳ್ಳಿ_ಮಾಸ್ತರ:
ಅದನ್ನ ಸಣ್ಣ ಹುಡುಗರ ಕೈಗೆ ಕೊಡಬ್ಯಾಡ್ರಿ, ಹೊಟ್ಟಿಗೆ ಹೋದ್ರ ವಿಷ.

ಗುಬ್ಬಿಗೂಡು:
ಹುರಿದ ಸೋಡಾಗೆ ಬಂತು! ತೂಕ 6.5 ಗ್ರಾಂ. ರಕ್ತಗೆಂಪು ಹೂವು, ಅಂಚು ಕೂಡ ಚೂಪಾಗಿದೆ. ನಿಂಬೆರಸ ತಾಗಿಸಿದರೆ ಮತ್ತೆ ಹಳದಿ. ಎಲ್ಲರಿಗೂ ಥ್ಯಾಂಕ್ಸ್. ಆದರೆ ನಿನ್ನೆ ಸುಣ್ಣ ಹಚ್ಚಿದ ಜಾಗ ಇವತ್ತು ಕೊಳಕು ಕಂದು ಆಗಿದೆ. ಇದೂ ಹಾಗೇ ಆಗುತ್ತಾ?

ಅಡುಗೆಮನೆ_ಲ್ಯಾಬ್:
ಆಗುತ್ತೆ. ಪ್ರತ್ಯಾಮ್ಲದಲ್ಲಿ ಕರ್ಕ್ಯುಮಿನ್ ಒಡೆಯುತ್ತೆ, ಜೋರಿದ್ದಷ್ಟೂ ಬೇಗ. ಹೂವು ಬರೆಯೋದನ್ನ ಮಕ್ಕಳ ಎದುರೇ ಇಟ್ಕೊಳ್ಳಿ, ಹಿಂದಿನ ದಿನ ಬೇಡ.

ಬಣ್ಣದ_ಬಾಟಲಿ:
ಅರಿಶಿನಕ್ಕೆ ಇರೋದು ಎರಡೇ ಬಣ್ಣ, ಇಷ್ಟು ಒದ್ದಾಟ ಯಾಕೆ? ನನ್ನ ಕಿಟಕಿಯಲ್ಲಿ ಶಂಖಪುಷ್ಪದ 9 ಬಾಟಲಿ ಸಾಲು ನಿಂತಿದೆ. 10 ಹೂವು, 100 ಮಿಲಿ ಬಿಸಿನೀರು. ನಿಂಬೆರಸಕ್ಕೆ ನೇರಳೆಗುಲಾಬಿ, ಬರೀ ನೀರಿಗೆ ನೀಲಿ, ವಾಷಿಂಗ್ ಸೋಡಾಗೆ ಹಸಿರು. ಫೋಟೋ ಕೆಳಗೆ.

ಹುಬ್ಬಳ್ಳಿ_ಮಾಸ್ತರ:
ಬಾಟ್ಲಿ ಚಂದ ಅದಾವ. ಆರನೇದು ಏಳನೇದು ಒಂದೇ ಬಣ್ಣ ಕಾಣ್ತಾವಲ್ರಿ.

ಬಣ್ಣದ_ಬಾಟಲಿ:
ಅದು ಫೋನ್ ಕ್ಯಾಮೆರಾ ದೋಷ.

ಲಿಟ್ಮಸ್_ಭಟ್ಟ:
ಆ ಅರಿಶಿನದ ಪ್ಯಾಕೆಟ್ ಮಾತ್ರ ಒಮ್ಮೆ ಪರೀಕ್ಷೆ ಮಾಡಿಸಿ. ಒಂದು ಲೋಟ ನೀರಿನ ಮೇಲೆ ಒಂದು ಚಮಚ ಉದುರಿಸಿ, ಕಲಕದೆ ಬಿಡಿ. ತಳ ಸೇರಿ ನೀರು ತೆಳು ಹಳದಿ ಉಳಿದರೆ ಸರಿ, ಗಾಢವಾದರೆ ನನ್ನ ಮಾತು ನೆನಪಿಸ್ಕೊಳ್ಳಿ.

ಕಡಲತಡಿ:
ಮಾಸ್ತರರೇ, ಕುರ್ದಿ ಅಂದ್ರೂ ಆ ಕೆಂಪು ನೀರೇ. ನಿನ್ನೆ ಕೇಳಿದ್ರಲ್ಲ.